ಮೇಷ್ಟ್ರ ಕೊನೆಯ ಪಾದಯಾತ್ರೆ

ನಮ್ಮ ಮೇಷ್ಟ್ರು ತೀರಿಕೊಂಡದ್ದು ಮಾದಪ್ಪನ ಬೆಟ್ಟದ ದಾರಿಯಲ್ಲಿ ಎಂದು ಊರೆಲ್ಲ ನಂಬಿದೆ. ನಿಜ ಹೇಳಬೇಕೆಂದರೆ ಅವರು ತೀರಿಕೊಂಡದ್ದು ಹನೂರಿನ ಹತ್ತಿರದ ಒಂದು ತೋಟದ ಮನೆಯಲ್ಲಿ, ಕೋಳಿ ಸಾರಿನ ತಟ್ಟೆಯ ಮುಂದೆ. ಇದನ್ನು ಬರೆಯಲು ಅವರ ಹೆಂಡತಿಯೇ ಒಪ್ಪಿಗೆ ಕೊಟ್ಟಿದ್ದಾರೆ. ಯಾರ ಹೆಸರೂ ಹಾಕಬೇಡಿ ಎಂದರು, ಹಾಕಿಲ್ಲ.

ನಾವು ಮೂವರು ಮುಳ್ಳೂರಿನ ಶಾಲೆಯಲ್ಲಿ ಜೊತೆಗೆ ಓದಿದವರು. ಒಬ್ಬ ಬಸ್ ಡ್ರೈವರಾದ. ನಾನು ಕೊಳ್ಳೇಗಾಲದಲ್ಲಿ ಹೊಲಿಗೆ ಅಂಗಡಿ ಇಟ್ಟೆ. ಇನ್ನೊಬ್ಬ ಯಳಂದೂರಿನ ಕಡೆ ಮೇಷ್ಟ್ರಾಗಿ, ಹೆಡ್ ಮಾಸ್ಟರಾಗಿ ನಿವೃತ್ತಿಯಾಗಿ ಮುಳ್ಳೂರಿಗೇ ಮರಳಿದ. ಕೆಲಸ ಸಿಕ್ಕ ಮೇಲೆ ನಮ್ಮ ಬಾಯಲ್ಲೂ ಅವನು 'ಅವರು' ಆದ. ಅವರದು ಕಟ್ಟುನಿಟ್ಟಿನ ಮನೆ. ಪೂಜೆ ಮುಗಿಯದೆ ಕಾಫಿ ಇಲ್ಲ, ಮೊಟ್ಟೆ ಎಂಬ ಮಾತು ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಸಭೆ ಸಮಾರಂಭಗಳಲ್ಲಿ ಮೇಷ್ಟ್ರು ಪ್ರಾಣಿಹಿಂಸೆಯ ವಿರುದ್ಧ ಅರ್ಧ ಗಂಟೆ ಮಾತಾಡುತ್ತಿದ್ದರು, ಚೆನ್ನಾಗಿಯೇ ಮಾತಾಡುತ್ತಿದ್ದರು. ಆದರೆ ಎರಡು ಮೂರು ತಿಂಗಳಿಗೊಮ್ಮೆ ಡ್ರೈವರನ ಭಾವಮೈದುನನ ತೋಟಕ್ಕೆ ನಮ್ಮ ಜೊತೆ ಬಂದು ಮುದ್ದೆ, ನಾಟಿ ಕೋಳಿ ಸಾರು ಉಣ್ಣುತ್ತಿದ್ದರು. ಒಮ್ಮೆ ಡ್ರೈವರ್ ಕೆಣಕಿದಾಗ, "ಭಾಷ್ಣ ಮಾಡಿ ಮಾಡಿ ಅಸಿವಾಗ್ತದೆ ಕಣ್ಲಾ, ಬಡ್ಸು" ಅಂದಿದ್ದರು.

ಆ ವರ್ಷ ಅವರ ಹೆಂಡತಿಗೆ ಮೈಸೂರಿನಲ್ಲಿ ದೊಡ್ಡ ಆಪರೇಷನ್ ಆಯಿತು. ಆಕೆ ಹುಷಾರಾಗಿ ಮನೆಗೆ ಬಂದರೆ ಬರಿಗಾಲಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆಯುತ್ತೇನೆಂದು ಮೇಷ್ಟ್ರು ಹರಕೆ ಹೊತ್ತರು. ಆಕೆ ಹುಷಾರಾದರು. ಊರಿನ ತಂಡ ಹೊರಟಾಗ ಮೇಷ್ಟ್ರೂ ಹಾರ ಹಾಕಿಸಿಕೊಂಡು ಹೊರಟರು. ಜೊತೆಗಿರಲಿ ಎಂದು ನಾವಿಬ್ಬರೂ ಹೊರಟೆವು.

ಕೊಳ್ಳೇಗಾಲ ಮುಟ್ಟುವಷ್ಟರಲ್ಲೇ ಅವರ ಎಡಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ನೀವು ಮುಂದೆ ಹೋಗಿ, ನಿಧಾನಕ್ಕೆ ಬಂದು ಸೇರುತ್ತೇವೆ ಎಂದು ತಂಡವನ್ನು ಕಳಿಸಿ, ನನ್ನ ಮನೆಯಲ್ಲಿ ಉಳಿದೆವು. ಮಾರನೆಯ ಬೆಳಿಗ್ಗೆ ಮಂಡಿ ಮಡಿಸಲೂ ಆಗಲಿಲ್ಲ. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. "ಅರಕೆ ಕೆಟ್ಟೋಯ್ತಲ್ಲೋ" ಅಂದರು.

ಡ್ರೈವರ್ ಸಮಾಧಾನ ಮಾಡಿದ. "ಅನೂರ್ಗಂಟ ಬಸ್ನಲ್ಲಿ ಓಗಮ. ತೋಟದಲ್ಲಿ ಬಿಸ್ನೀರು ಉಯ್ಕಂಡು ಎಣ್ಣೆ ತಿಕ್ಸ್ಕಳಿ. ಸಂಜೆ ತಂಡ ಸೇರ್ಕಂಡು ಘಾಟ್ ಅತ್ತುವಾ. ಮಾದಪ್ಪ ಏನ್ ಟಿಕೆಟ್ ಕೇಳ್ತಾನಾ?"

ಹಾಗೇ ಮಾಡಿದೆವು. ತೋಟದ ಮನೆಯವರು ಮದುವೆಗೆಂದು ಎಲ್ಲೋ ಹೋಗಿದ್ದರು. ಮೇಷ್ಟ್ರು ಬಿಸಿನೀರು ಸ್ನಾನ ಮಾಡಿದರು. ಕೋಳಿಯ ವಿಚಾರ ಮೊದಲು ತೆಗೆದದ್ದು ಯಾರೋ, ನಾನಂತೂ ಅಲ್ಲ ಎಂದು ಡ್ರೈವರೂ ನಾನೂ ಈಗಲೂ ಜಗಳ ಆಡುತ್ತೇವೆ. ಮಧ್ಯಾಹ್ನ ಒಂದರ ಹೊತ್ತಿಗೆ ತಟ್ಟೆಗೆ ಮುದ್ದೆ ಬಿದ್ದಿತ್ತು. ಮೇಷ್ಟ್ರು ಎರಡು ಸಲ ಸಾರು ಹಾಕಿಸಿಕೊಂಡರು. ಮೂರನೆಯ ಸಲ ತಟ್ಟೆ ಚಾಚಿ, ಯಾವುದೋ ಹಳೆಯ ಇನ್‌ಸ್ಪೆಕ್ಟರನ ಕಥೆ ಹೇಳಿ ನಗುತ್ತಾ, ಹಾಗೆಯೇ ಗೋಡೆಗೆ ಒರಗಿದರು. ನಗುತ್ತಲೇ ಇದ್ದಾರೆ ಅಂದುಕೊಂಡು ನಾವೂ ಸ್ವಲ್ಪ ಹೊತ್ತು ನಕ್ಕೆವು.

ಡ್ರೈವರ್ ಎದೆ ಒತ್ತಿದ, ಬಾಯಿಗೆ ಉಸಿರು ಊದಿದ. ಆಮೇಲೆ ಭಾವಮೈದುನನ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಅವರ ಜೇಬಿನ ಫೋನು ಬಡಿದುಕೊಂಡಿತು. ಅವರ ಹೆಂಡತಿ.

"ಅಣ್ಣ, ನೀವಾ? ಅವ್ರೆಲ್ಲಿ? ಉಂಡ್ರಾ?"

ನನ್ನ ಬಾಯಿಂದ ಬಂದದ್ದು ಇದು: "ಮುಂದ್ಗಡೆ ನಡೀತಾ ಅವ್ರೆ ಅಕ್ಕ. ಆಮ್ಯಾಕೆ ಫೋನ್ ಮಾಡಿಸ್ತೀನಿ."

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಹೃದಯ ನಿಂತಿದೆ, ಅಲ್ಲಿಯೇ ಹೋಗಿದ್ದಾರೆ ಎಂದರು. ಕಾಗದ ಕೊಟ್ಟರು. ಹೊರಗೆ ಬಂದು ಆಟೋ ಪಕ್ಕ ನಿಂತಾಗ ಡ್ರೈವರ್ ನನ್ನ ಮುಖ ನೋಡಿದ.

"ಇಂಗೇ ತಕಂಡೋದ್ರೆ ಏನ್ ಅಂತಾರ್ಲಾ ಊರಲ್ಲಿ? ಅರಕೆ ಒತ್ತವ್ರು ಕೋಳಿ ತಿಂದು ಸತ್ರು ಅಂತ ಚಿಕ್ಕ ಮಕ್ಕಳೂ ಆಡ್ಕತಾರೆ. ನಲವತ್ತು ವರ್ಸ ಪಾಠ ಮಾಡವ್ರೆ ಮನ್ಸ."

ಕೊಳ್ಳೇಗಾಲದ ಕಡೆ ಸ್ವಲ್ಪ ದೂರ ಬಂದು ಒಂದು ಹುಣಸೆ ಮರದಡಿ ಆಟೋ ನಿಲ್ಲಿಸಿದೆವು. ನಾನು ಅವರ ಬೆರಳುಗಳನ್ನು ಸೋಪು ಹಾಕಿ ಉಜ್ಜಿದೆ. ಮಸಾಲೆಯ ವಾಸನೆ ಹೋಗಲಿಲ್ಲ. ಡ್ರೈವರ್ ಓಡಿಹೋಗಿ ಹತ್ತಿರದ ಗೂಡಂಗಡಿಯಿಂದ ನಿಂಬೆಹಣ್ಣು ತಂದ. ಕಟ್ಟಿಸಿದ ಹಲ್ಲುಸೆಟ್ಟನ್ನು ತೆಗೆದು ತೊಳೆದರೆ ಅದರಡಿ ಒಂದು ಚೂರು ಇತ್ತು. ಸೆಟ್ಟನ್ನು ಮತ್ತೆ ಕೂರಿಸಲು ನಮ್ಮಿಬ್ಬರಿಗೂ ಬರಲಿಲ್ಲ. ಮೂರು ಸಲ ತಲೆಕೆಳಗಾಗಿ ಹಾಕಿದೆವು. ನಾಲ್ಕನೆಯ ಸಲ ಡ್ರೈವರಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಮೇಷ್ಟ್ರ ಹೊಟ್ಟೆಯ ಮೇಲೆ ತಲೆಯಿಟ್ಟು ಇಬ್ಬರೂ ನಗುತ್ತಾ ಅಳುತ್ತಾ ಕೂತೆವು. ದಾರಿಹೋಕರು ಯಾರೋ ನಿಂತು ನೋಡಿ ಕೈಮುಗಿದು ಹೋದರು.

ಹಣೆಗೆ ವಿಭೂತಿ ಬಳಿದ ಮೇಲೆ ಡ್ರೈವರನ ಕಣ್ಣು ಕಾಲಿನ ಕಡೆ ಹೋಯಿತು. "ಮದ್ಲಿಂಗನ ಕಾಲಿದ್ದಂಗೈತಲ್ಲೋ!" ಬಿಸಿನೀರಲ್ಲಿ ಮಿಂದು ಎಣ್ಣೆ ಹಚ್ಚಿಸಿಕೊಂಡ ಕಾಲುಗಳು ಹೊಳೆಯುತ್ತಿದ್ದವು. ರಸ್ತೆಯಂಚಿನ ಧೂಳು ತಂದು ಎರಡೂ ಕಾಲಿಗೆ ಸವರಿದೆವು.

ಆಮೇಲೆ ಊರಿಗೆ ಫೋನು ಮಾಡಿದೆ. ಉಘೇ ಮಾದಪ್ಪ ಎನ್ನುತ್ತಾ ನಡೆಯುವಾಗ ಕುಸಿದರು ಎಂದೆ.

ಮಣ್ಣಿಗೆ ಇಡೀ ಮುಳ್ಳೂರು ಬಂತು. ಯಳಂದೂರಿನಿಂದ ಹಳೆಯ ವಿದ್ಯಾರ್ಥಿಗಳು ಬಂದರು. "ಎಂಡ್ತಿಗೋಸ್ಕರ ಪ್ರಾಣ ಕೊಟ್ಟ ಪುಣ್ಯಾತ್ಮ" ಎಂದು ಜನ ಹೇಳುವಾಗ ನನಗೂ ಡ್ರೈವರಿಗೂ ಒಳಗೊಳಗೆ ಹೆಮ್ಮೆ. ನಮ್ಮ ಮೇಷ್ಟ್ರ ಮಾನ ಉಳಿಸಿದೆವಲ್ಲ! ಮುಂದಿನ ಯಾತ್ರೆಗೆ ಹಳೆಯ ವಿದ್ಯಾರ್ಥಿಗಳು ಅವರ ನೆನಪಿಗೆ ದಾರಿಯಲ್ಲಿ ನೀರಿನ ಅರವಟ್ಟಿಗೆಯನ್ನೂ ಇಟ್ಟರು. ಆದರೆ ಡ್ರೈವರ್ ಮೇಷ್ಟ್ರ ಮನೆಯ ಕಡೆ ತಲೆ ಹಾಕಲಿಲ್ಲ. ಅಕ್ಕನ ಮುಖ ನೋಡಿದರೆ ಬಾಯಿ ಬಿಟ್ಟುಬಿಡುತ್ತೇನೆ ಎಂದು ಅವನಿಗೆ ಭಯ. ನಾನು ಹೋದಾಗಲೆಲ್ಲ ಅಕ್ಕ ಇನ್ನಷ್ಟು ಬಡವಾಗಿರುತ್ತಿದ್ದರು. ಆಪರೇಷನ್ ಆದ ಮೈ ಎಂದುಕೊಂಡೆ.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ನನ್ನ ಅಂಗಡಿಗೆ ಬಂದರು. ಕೊಳ್ಳೇಗಾಲದಲ್ಲೇ ಇರುವ ಮಗಳ ಮನೆಗೆ ಬಂದಿದ್ದರಂತೆ. ಸ್ಟೂಲಿನ ಮೇಲೆ ಕೂತು, ನನ್ನ ಹೊಲಿಗೆ ಮಿಷನ್ ನೋಡುತ್ತಾ ಶುರು ಮಾಡಿದರು.

"ನೆನ್ನೆ ಟಿವಿಲಿ ಒಂದು ಪಿಚ್ಚರ್ ಬಂತು ಅಣ್ಣ. ಒಬ್ಬ ದೊಡ್ಮನ್ಸ ಇರಬಾರದ ಜಾಗದಲ್ಲಿ ಸತ್ತೋಯ್ತಾನೆ. ಅವ್ನ ಸ್ನೇಯಿತ್ರು ಎಣಕ್ಕೆ ಕನ್ನಡ್ಕ ಆಕಿ, ಕಾರಲ್ಲಿ ಕೂರಿಸ್ಕಂಡು, ಊರೆಲ್ಲ ಸುತ್ತಿ, ಮನೇಗ್ ತಂದು ಸುಳ್ಳೇಳ್ತಾರೆ. ಮಗಳು, ಅಳಿಯ, ಮೊಮ್ಮಕ್ಕಳು ಬಿದ್ದೂ ಬಿದ್ದೂ ನಗ್ತಿದ್ರು."

ನಾನು ಪೆಡಲಿನಿಂದ ಕಾಲು ತೆಗೆದೆ.

"ನಂಗೆ ಅವ್ರ ಕಾಲು ಗ್ಯಾಪಕ ಬಂತು. ಮೈ ತೊಳೆಯೋವಾಗ ನೋಡಿದ್ದೆ. ಮ್ಯಾಲೆಲ್ಲ ಧೂಳು, ಅಂಗಾಲಲ್ಲಿ ಒಂದು ಬೊಬ್ಬೆ ಇರ್ನಿಲ್ಲ. ಕೈ ನಿಂಬೆಅಣ್ಣು ವಾಸ್ನೆ. ನಿಜ ಏಳಿ ಅಣ್ಣ. ನಾನೇನೂ ಬೇಜಾರು ಮಾಡ್ಕಳಕಿಲ್ಲ."

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮಂಡಿ, ಬಸ್ಸು, ತೋಟ, ಮುದ್ದೆ, ಕೋಳಿ, ಹಲ್ಲುಸೆಟ್ಟು, ಎಲ್ಲವನ್ನೂ ಹೇಳಿದೆ. ಹೇಳುವಾಗ ತಲೆ ಎತ್ತಲಿಲ್ಲ. ಮುಗಿದ ಮೇಲೆ ಅಕ್ಕ ಕೇಳಿದ್ದು ಒಂದೇ.

"ಒಟ್ಟೆ ತುಂಬ ಉಂಡಿದ್ರಾ?"

"ಮೂರ್ನೇ ಸಲಕ್ಕೆ ತಟ್ಟೆ ಚಾಚಿದ್ರು ಅಕ್ಕ. ನಗ್ತಾ ಇದ್ರು."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ಭುಜ ಕುಣಿಯುತ್ತಿತ್ತು. ನೋಡಿದರೆ ನಗು. ಆಮೇಲೆ ಅಳುವೂ ಬಂತು.

"ನನ್ ಅರಕೆ ಒತ್ಕಂಡು, ಬಿಸ್ಲಲ್ಲಿ ಅಸ್ಕಂಡು, ಬೀದೀಲಿ ಬಿದ್ದು ಓದ್ರು ಅಂತ ವರ್ಸದಿಂದ ಒಂದು ತುತ್ತು ಗಂಟಲಲ್ಲಿ ಇಳೀತಿರ್ನಿಲ್ಲ ಅಣ್ಣ. ಜನ ಪ್ರಾಣ ಕೊಟ್ಟ ಪ್ರಾಣ ಕೊಟ್ಟ ಅಂದಾಗೆಲ್ಲ, ನಾನೇ ಕಿತ್ಕಂಡಂಗೆ ಆಗೋದು. ಆಪ್ರೇಸನ್ ಟೇಬಲ್ ಮ್ಯಾಲೆ ಸಾಯಬೇಕಾಗಿದ್ದೋಳು ನಾನಲ್ವಾ ಅನ್ಸೋದು. ಕೋಳಿ ತಿಂತಾರೆ ಅಂತ ನಂಗೇನ್ ಗೊತ್ತಿರ್ನಿಲ್ವಾ? ತೋಟದಿಂದ ಬಂದ ದಿನ ಅಂಗಿ ಒಗೀತಿದ್ದೋಳು ನಾನು ತಾನೇ."

ನನಗೆ ಆಗ ಅರ್ಥವಾಯಿತು. ಮೇಷ್ಟ್ರ ಮಾನ ಕಾಯಲು ನಾವು ಹೇಳಿದ ಸುಳ್ಳಿನ ಭಾರವನ್ನೆಲ್ಲ ವರ್ಷವಿಡೀ ಹೊತ್ತವರು ಈಕೆ. ಕ್ಷಮಿಸಿ ಅಕ್ಕ ಎಂದೆ. "ಅದ್ಯಾಕೆ? ಅವ್ರ ಕೈ ತೊಳೆದು ಕಾಲ್ಗೆ ಧೂಳು ಅಚ್ಚೋವಷ್ಟು ಸ್ನೇಯಿತ್ರು ಯಾರ್ಗವ್ರೆ?" ಎಂದು ಎದ್ದರು. ಮಕ್ಕಳಿಗೆ ಸದ್ಯಕ್ಕೆ ಹೇಳುವುದು ಬೇಡ, ಊರಿಗೆ ಯಾವತ್ತೂ ಬೇಡ ಎಂದರು.

ಆ ಭಾನುವಾರವೇ ಡ್ರೈವರನ ಕೈಹಿಡಿದು ಅವರ ಮನೆಗೆ ಕರೆದುಕೊಂಡು ಹೋದೆ. ಅವನು ಬಾಗಿಲಲ್ಲೇ ನಿಂತುಬಿಟ್ಟ. ಅಕ್ಕ ಒಳಗಿನಿಂದ ಕೂಗಿದರು: "ಬನ್ನಿ ಅಣ್ಣ, ಇಲ್ಲಿ ಸೊಪ್ಪಿನ ಸಾರೇಯ, ಏನೂ ಆಗಕಿಲ್ಲ." ಅವನು ಹೊಸ್ತಿಲ ಮೇಲೆ ಕೂತು ಹೆಂಗಸರಂತೆ ಅತ್ತ. ಮುಂದಿನ ತಿಂಗಳು ಮೂವರೂ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ ಹರಕೆ ಒಪ್ಪಿಸಿ ಬಂದೆವು.

ಆಕೆ ಅಂದು ಬಾಯಿಬಿಟ್ಟು ಕೇಳದಿದ್ದರೆ ನಾನು ಈ ಜನ್ಮದಲ್ಲಿ ಹೇಳುತ್ತಿರಲಿಲ್ಲ. ಕೇಳಿದ್ದಕ್ಕೆ, ಕೇಳಿಯೂ ನಮ್ಮನ್ನು ದೂರ ಮಾಡದೆ ಇದ್ದದ್ದಕ್ಕೆ ನಾನು ಋಣಿ. ಈ ವರ್ಷ ಡ್ರೈವರನ ಕಣ್ಣಿನ ಆಪರೇಷನ್ ಆದಾಗ ಅಕ್ಕ ಮುಳ್ಳೂರಿನಿಂದ ಬೆಳಗಿನ ಬಸ್ಸಿಗೇ ಬಂದರು, ಥರ್ಮಾಸಿನಲ್ಲಿ ರಾಗಿ ಗಂಜಿ ತುಂಬಿಕೊಂಡು. ನೀವು ಏನಾಗಬೇಕು ಎಂದು ನರ್ಸ್ ಕೇಳಿದಾಗ, "ನಮ್ಮಣ್ಣ" ಎಂದು ಹೇಳಿ, ಅವನ ಪಕ್ಕದ ಸ್ಟೂಲಿನ ಮೇಲೆ ಸಂಜೆಯವರೆಗೂ ಕೂತಿದ್ದರು.