ಡಬ್ಬಾ ಮನೆಗೆ ತಾಮ್ರದ ಬಂಬ

ಮೊನ್ನೆ ಮೀರಜಿನ ಹೊಸ ಹೋಟೆಲೊಂದಕ್ಕೆ ಮದುವೆಯ ಊಟಕ್ಕೆ ಹೋಗಿದ್ದೆ. ಬಾಗಿಲಲ್ಲೇ ಒಂದು ತಾಮ್ರದ ಬಂಬ ನಿಂತಿತ್ತು. ಫಳಫಳ ತಿಕ್ಕಿ, ಬೆಂಕಿ ಹಾಕುವ ಬಾಯಿಗೆ ಪ್ಲಾಸ್ಟಿಕ್ ಗುಲಾಬಿ ಸಿಗಿಸಿದ್ದರು. ನೋಡಿ ನನಗೆ ಹೊಟ್ಟೆ ಉರಿಯಿತು. ಬಾಸುಂದಿಯನ್ನು ಎರಡೇ ಬಟ್ಟಲು ತಿಂದೆ ಎಂದರೆ ನನ್ನ ಸಂಕಟ ಎಷ್ಟೆಂದು ನೀವೇ ತಿಳಿಯಿರಿ.

ಬಂಬ ನೋಡದವರಿಗೆ ಎರಡು ಮಾತು. ನೀರು ಕಾಯಿಸುವ ಎತ್ತರದ ಪಾತ್ರೆ ಅದು. ನಡುವೆ ಒಂದು ಕೊಳವೆ, ಕೊಳವೆಯೊಳಗೆ ಬೆಂಕಿ, ಸುತ್ತಲೂ ನೀರು. ನಮ್ಮನೆಯದಕ್ಕೆ ನಲ್ಲಿ ಇರಲಿಲ್ಲ. ಮೇಲಿನ ಬಾಯಿಗೆ ಒಂದು ತಂಬಿಗೆ ತಣ್ಣೀರು ಹಾಕಿದರೆ ಪಕ್ಕದ ಸೊಂಡಿಲಿನಿಂದ ಒಂದು ತಂಬಿಗೆ ಬಿಸಿನೀರು ಬರುತ್ತಿತ್ತು. ಹಾಕದಿದ್ದರೆ ಒಂದು ಹನಿಯೂ ಇಲ್ಲ. ನಮ್ಮ ಅತ್ತೆ ಮದುವೆಯಲ್ಲಿ ತವರಿನಿಂದ ತಂದದ್ದು. ಸೋಲಾರ್ ಬಂದ ಮೇಲೆ ಅಟ್ಟ ಸೇರಿತ್ತು.

ಇನ್ನು ಡಬ್ಬಾ ಮನೆ. ಗಾಲಿಯ ಮೇಲಿನ ಆ ಹಳೆಯ ತಗಡಿನ ಮನೆಯನ್ನು ನಮ್ಮನೆಯವರು ಗುಜರಿಯಲ್ಲಿ ಕೊಂಡು, ಟ್ರ್ಯಾಕ್ಟರಿಗೆ ಕಟ್ಟಿ, ಕಾಗವಾಡದ ನಮ್ಮ ದ್ರಾಕ್ಷಿ ತೋಟಕ್ಕೆ ಎಳೆದು ತಂದಿದ್ದರು. ಯಾವ ಕಾಲದಲ್ಲೋ ರಸ್ತೆ ಕೆಲಸದ ಎಂಜಿನಿಯರುಗಳು ಅದರಲ್ಲಿ ಊರೂರು ತಿರುಗುತ್ತಿದ್ದರಂತೆ. ಎರಡು ಮಲಗುವ ಹಲಗೆ, ಒಬ್ಬರೇ ನಿಲ್ಲಬಹುದಾದ ಬಚ್ಚಲು, ಅದರಲ್ಲಿ ಕೆಂಪು ಗುರುತಿನದೊಂದು, ನೀಲಿ ಗುರುತಿನದೊಂದು ನಲ್ಲಿ. ಕೆಂಪು ನಲ್ಲಿ ತಿರುವಿದರೆ ಬರೀ ಗಾಳಿ ಬರುತ್ತಿತ್ತು. ಗೀಸರನ್ನು ಯಾರೋ ಪುಣ್ಯಾತ್ಮರು ಬಿಚ್ಚಿಕೊಂಡು ಹೋಗಿದ್ದರು. ಅದು ಇದ್ದ ಜಾಗದಲ್ಲಿ ಚೌಕಾದ ತೂತೊಂದು ಉಳಿದಿತ್ತು. ಆ ತೂತಿನಿಂದ ಬಚ್ಚಲಲ್ಲಿದ್ದವರಿಗೆ ತೋಟ ಚೆಂದ ಕಾಣುತ್ತಿತ್ತು. ತೋಟದಲ್ಲಿದ್ದವರಿಗೆ ಬಚ್ಚಲೂ ಚೆಂದ ಕಾಣುತ್ತಿತ್ತು.

ಎಂಟು ವರ್ಷದ ಹಿಂದಿನ ಪುಷ್ಯಮಾಸ. ಮುನಿ ಮಹಾರಾಜರ ಸಂಘವೊಂದು ಕಾಗವಾಡದಿಂದ ತೆಲಸಂಗದ ಕಡೆಗೆ ನಡೆದು ಹೋಗುವುದಿತ್ತು, ನಿಂತು ನಿಂತು ಎಂಟು ದಿನದ ದಾರಿ. ನಾವು ಜೈನರು. ಸಂಘದ ಜೊತೆ ಹೋಗಿ, ದಾರಿಯಲ್ಲಿ ಅಡುಗೆ ಮಾಡಿ, ಮಹಾರಾಜರ ಕೈಗೆ ಆಹಾರ ಕೊಡಬೇಕೆಂಬುದು ಅತ್ತೆಗೆ ಹರೆಯದ ಆಸೆ. ಮೊದಲು ಮಕ್ಕಳು ಸಣ್ಣವು, ಆಮೇಲೆ ಮಾವನವರ ಕಾಯಿಲೆ, ಆಮೇಲೆ ನನ್ನ ಬಾಣಂತನ. ಹೀಗೇ ಅರವತ್ತೊಂಬತ್ತಾಯಿತು. ಹಿಂದಿನ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಬದುಕಿದ್ದೇ ಹೆಚ್ಚು; ತಣ್ಣೀರು ಮೈಗೆ ಸೋಕಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ನಸುಕಿನಲ್ಲಿ ಸ್ನಾನ ಮಾಡಿ ಮಡಿಯುಡದೆ ಆ ಅಡುಗೆಗೆ ಕೈ ಹಚ್ಚುವಂತಿಲ್ಲ.

"ಬಿಸಿನೀರಿನ ವ್ಯವಸ್ಥಾ ಆದ್ರ ಹೋಗು. ಇಲ್ಲಂದ್ರ ಮುಂದಿನ ವರ್ಷ ನೋಡೂಣು," ಎಂದರು ನಮ್ಮನೆಯವರು.

"ಮುಂದಿನ ವರ್ಷ ನಾ ಇರ್ತೀನಂತ ಬರದ ಕೊಡ್ತಿಯೇನು?" ಎಂದರು ಅತ್ತೆ.

ಮಗನ ಬಾಯಿ ಬಂದಾಯಿತು. ಡಬ್ಬಾ ಮನೆಯನ್ನು ಜೊತೆಗೆ ಒಯ್ಯುವುದೆಂದು ತೀರ್ಮಾನವಾಗಿ, ಗೀಸರ್ ಹುಡುಕುವ ಕೆಲಸ ನನ್ನ ತಲೆಗೆ ಬಂತು. ನಾನು ಬಿ.ಕಾಂ. ಕಲಿತವಳಲ್ಲವೆ! ತೂತನ್ನು ಗೇಣಿನಿಂದ ಅಳೆದುಕೊಂಡು ಚಿಕ್ಕೋಡಿಗೆ ಹೋದೆ, ನಿಪ್ಪಾಣಿಗೆ ಹೋದೆ. ಕರೆಂಟಿನದಾದರೆ ದಾರಿಯಲ್ಲಿ ಕರೆಂಟೆಲ್ಲಿ? ಗ್ಯಾಸಿನದಾದರೆ ಅಷ್ಟು ಸಣ್ಣ ಬಚ್ಚಲಲ್ಲಿ ಉಸಿರುಗಟ್ಟುತ್ತದೆ ಎಂದು ಅಂಗಡಿಯವನೇ ಕೈಮುಗಿದ. ಬಯಲಲ್ಲಿ ಮೂರು ಕಲ್ಲಿಟ್ಟು ಹಂಡೆ ಕಾಯಿಸಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಅಂದೆ. ಆ ಗಾಳಿಗೆ ಒಲೆ ಹತ್ತುವುದರೊಳಗೆ ಹೊತ್ತು ನೆತ್ತಿಗೆ ಬರುತ್ತದೆ ಎಂದು ಅತ್ತೆ ತಳ್ಳಿಹಾಕಿದರು.

ಕಡೆಗೆ ವೆಲ್ಡಿಂಗ್ ಮಾಡುವ ದಸ್ತಗೀರ ಮಿಸ್ತ್ರಿಯನ್ನು ಕರೆಸಿದೆವು. ತೂತಿನೊಳಗೆ ತಲೆ ಹಾಕಿ ನೋಡಿದ, ಹೊರಗೆ ತೆಗೆದ, ಚಹಾ ಕುಡಿದ.

"ಆಯೀ, ಮನ್ಯಾಗ ಬಂಬ ಐತೇನ್ರಿ?"

"ಅಟ್ಟದ ಮ್ಯಾಲ ಐತಲ್ಲೋ," ಎಂದರು ಅತ್ತೆ.

"ಹಂಗಾರ ಅಕ್ಕಾರು ಯಾಕ ಊರೂರು ತಿರಗ್ಯಾರ?"

ಇಬ್ಬರೂ ನನ್ನ ಮುಖ ನೋಡಿದರು. ನಾನು, ನನ್ನ ಬಿ.ಕಾಂ. ಸಮೇತ, ನೆಲ ನೋಡಿದೆ.

ಮಿಸ್ತ್ರಿ ಡಬ್ಬಾ ಮನೆಯ ಹಿಂಬದಿಗೆ ಕಬ್ಬಿಣದ ಹಲಗೆಯೊಂದನ್ನು ಬೆಸೆದು ಅದರ ಮೇಲೆ ಬಂಬ ಕೂರಿಸಿದ. ಸೊಂಡಿಲು ಮಾತ್ರ ತೂತಿನಿಂದ ಬಚ್ಚಲೊಳಗೆ ಇಣುಕುವಂತೆ ಮಾಡಿ, ಉಳಿದ ಸಂದಿಗೆ ತಗಡು ಹೊಡೆದ. ಬೆಂಕಿ ಹೊರಗೆ, ಹೊಗೆ ಹೊರಗೆ, ಬಿಸಿನೀರು ಒಳಗೆ. ತೊಡಕು ಒಂದೇ. ಒಳಗಿದ್ದವರಿಗೆ ನೀರು ಬರಬೇಕಾದರೆ ಹೊರಗೊಬ್ಬರು ನಿಂತು ತಣ್ಣೀರು ಹಾಕುತ್ತಲೇ ಇರಬೇಕು. ಅತ್ತೆಯ ಪಾಲಿಗೆ ಆ ಒಬ್ಬರು ನಾನು.

ಮೊದಲ ದಿನ ನಸುಕಿನಲ್ಲಿ ಶಾಲು ಹೊದ್ದು ನಿಂತೆ. ಒಳಗಿಂದ "ಹಾಕು!" ಎಂದದ್ದೇ ತಡ, ಹುರುಪಿನಿಂದ ಗಡಗಡ ಸುರಿದೆ.

"ಏ, ನಾ ಏನ ಬದನಿಕಾಯೇನ, ಸುಡಾಕತ್ತಿ!"

ಎರಡನೆಯ ದಿನಕ್ಕೆ ಸಂಘದ ಜೊತೆಗಿದ್ದ ಹೆಂಗಸರೆಲ್ಲ ನಮ್ಮ ಬಚ್ಚಲಿಗೆ ಸಾಲು ಹಚ್ಚಿದರು. ಮಿಂದವಳು ಮುಂದಿನವಳಿಗೆ ನೀರು ಹಾಕಬೇಕು ಎಂದು ಅತ್ತೆ ಕಾನೂನು ಮಾಡಿದರು. ದಾರಿಯಲ್ಲಿ ಅನಂತಪುರವೆಂಬ ಹಳ್ಳಿಯ ಹತ್ತಿರ ಒಬ್ಬ ಹುರುಪಿನ ಮನುಷ್ಯ ಹೊಗೆ ಕಂಡು ಬೈಕು ನಿಲ್ಲಿಸಿ, "ಚಾ ಐತೇನ್ರಿ?" ಎಂದು ಕೂಗಿದ. "ಚಾ ಇಲ್ಲೋ ತಮ್ಮಾ, ಜಳಕ ಐತಿ. ಮಾಡ್ತಿಯೇನು?" ಎಂದರು ಅತ್ತೆ. ಅವನು ಬೈಕು ಏರಿ ಹೋದ ವೇಗ ನೋಡಬೇಕಿತ್ತು.

ನಡುವೆ ತಗಡಿನ ಗೋಡೆಯಿದ್ದರೆ ಮಾತು ಸುಲಭ, ನೋಡಿ. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿದ್ದು ಉಪ್ಪು ಹೆಚ್ಚು, ಖಾರ ಕಡಿಮೆ ಎಂಬಷ್ಟನ್ನೇ ಮಾತಾಡಿದವರು ನಾವು. ಒಂದು ದಿನ ಒಳಗಿಂದ ಅತ್ತೆ ಹೇಳಿದರು: "ಲಗ್ನ ಆಗಿ ಬಂದ ವರ್ಷ ಈ ಬಂಬಕ್ಕ ಉರಿ ಹಾಕ್ಕೋತ ಅಳತಿದ್ನಿ. ಹೊಗಿ ಅಂತ ಹೇಳತಿದ್ನಿ. ಯಾರೂ ಕೇಳತಿರಲಿಲ್ಲ."

ತಂಬಿಗೆ ಹಿಡಿದ ನನ್ನ ಕೈ ನಿಂತಿತು. "ನಾ ಮೆಣಸಿನಕಾಯಿ ಹುರಿಯುವಾಗ ಅಳತಿದ್ನಿರಿ," ಎಂದೆ.

"ಗೊತ್ತಿತ್ತು," ಎಂದರು. "ಅದಕ್ಕ ಅಷ್ಟ ಖಾರ ಇರತಿತ್ತು ಸಾರು. ನೀರ ಹಾಕು, ಥಂಡಿ ಆಗಾಕತ್ತೈತಿ."

ಬಿಸಿನೀರೇನೋ ಸಿಕ್ಕಿತು, ಮಹಾರಾಜರು ಸಿಗಲಿಲ್ಲ. ಅವರು ದಿನಕ್ಕೊಮ್ಮೆ ಮಾತ್ರ ಆಹಾರಕ್ಕೆ ಹೊರಡುತ್ತಾರೆ. ಇಂಥದ್ದು ಕಂಡರಷ್ಟೇ ನಿಲ್ಲುತ್ತೇನೆ ಎಂದು ಮನಸ್ಸಿನಲ್ಲೇ ಒಂದು ನೇಮ ಹಿಡಿದಿರುತ್ತಾರೆ. ಅದು ಯಾರಿಗೂ ಗೊತ್ತಿರುವುದಿಲ್ಲ. ಅಡುಗೆ ಮಾಡಿದವರು ಕಳಶ, ತೆಂಗಿನಕಾಯಿ ಹಿಡಿದು ಸಾಲಾಗಿ ನಿಂತು "ನಮೋಸ್ತು, ಸ್ವಾಮೀ, ನಮೋಸ್ತು" ಎಂದು ಕರೆಯಬೇಕು. ಏಳು ದಿನ ಅತ್ತೆ ಕರೆದರು. ಏಳು ದಿನವೂ ಮಹಾರಾಜರು ಮುಂದೆ ಹೋದರು. ಅತ್ತೆ ನಗುತ್ತಲೇ ಪಾತ್ರೆ ಮುಚ್ಚುತ್ತಿದ್ದರು. ಏಳನೆಯ ದಿನ ಮಾತ್ರ ಪಾತ್ರೆ ಮುಚ್ಚದೆಯೇ ಎದ್ದು ಹೋದರು. ನನಗೆ ಮಹಾರಾಜರ ಮೇಲೆ ಸಿಟ್ಟು ಬಂತು. ಪಾಪ ಬರುತ್ತದೆಂದು ಗೊತ್ತಿದ್ದೂ ಬಂತು.

ಕೊನೆಯ ದಿನ ನಸುಕಿನಲ್ಲಿ, ತಾವು ಮೀಯುವ ಮೊದಲೇ, ಅತ್ತೆ ನನ್ನ ಕೈಯಿಂದ ತಂಬಿಗೆ ಕಸಿದುಕೊಂಡರು.

"ಇವತ್ತ ಮೊದಲ ನೀ ಒಳಗ ಹೋಗು. ನಾ ಹಾಕ್ತೀನಿ."

ನೇಮನಿಷ್ಠೆಯ ವಿಷಯದಲ್ಲಿ ನಾನು ಸೋಮಾರಿ. ಎಲ್ಲರದೂ ಮುಗಿದು ಬಿಸಿಲೇರಿದ ಮೇಲೆ ಮೀಯುವವಳು. "ನಾ ಯಾಕರಿ ಅತ್ತಿ?" ಎಂದೆ.

"ಒಬ್ಬಾಕಿನ ನಿಂತ ನಿಂತ ಬ್ಯಾಸರ ಆಗೇತಿ. ಮಗ್ಗಲಾಗ ಬಂದ ನಿಂದರು."

ನೀರು ಹದವಾಗಿ, ಒಂದೇ ಧಾರೆಯಾಗಿ ಬಂತು. ಸಾಕೆಂದರೂ ಬಿಡಲಿಲ್ಲ. "ಬೆನ್ನ ತಿಕ್ಕೋ, ಇನ್ನೆರಡ ತಂಬಿಗಿ," ಎಂದರು. ಅವ್ವ ಹೋದ ಮೇಲೆ ಯಾರೂ ನನಗೆ ಹಾಗೆ ನೀರು ಹಾಕಿರಲಿಲ್ಲ. ಕಣ್ಣು ತುಂಬಿ ಬಂತು. ಈ ಸಲ ಹೊಗೆಯ ನೆಪವೂ ಇರಲಿಲ್ಲ.

ಬಿಸಿಲೇರಿದ ಮೇಲೆ ಇಬ್ಬರೂ ಮಡಿಯುಟ್ಟು ಕಳಶ ಹಿಡಿದು ನಿಂತೆವು. ಮಹಾರಾಜರು ಬಂದರು, ನಮ್ಮನ್ನು ದಾಟಿದರು, ಒಂದು ಹೆಜ್ಜೆ ಮುಂದಿಟ್ಟು ತಿರುಗಿ ನಿಂತರು. ಅತ್ತೆ ಕರೆಯುವುದನ್ನೇ ಮರೆತು ನನ್ನ ಕಡೆ ನೋಡಿದರು. ಏಳು ದಿನ ದೂರದಿಂದ ಕೇಳಿ ಕೇಳಿ ಬಾಯಿಪಾಠವಾಗಿದ್ದ ನಮೋಸ್ತುವನ್ನು ನಾನೇ ಗಟ್ಟಿಯಾಗಿ ಹೇಳಿದೆ. ಮಹಾರಾಜರ ಬೊಗಸೆಗೆ ಅತ್ತೆ ಮೊದಲ ನೀರು ಬಿಟ್ಟರು. ಅತ್ತೆಯ ಮೊಣಕೈಗೆ ನಾನು ಕೈ ಕೊಟ್ಟೆ.

ಮಹಾರಾಜರ ಮನಸ್ಸಿನಲ್ಲಿ ಏನಿತ್ತೋ. ಅತ್ತೆ-ಸೊಸೆಯ ಜೋಡಿಯೇ ನೇಮ ಎಂದು ಕೆಲವರು, ಎರಡು ತೆಂಗಿನಕಾಯಿ ಎಂದು ಕೆಲವರು, ಹೆಂಗಸರು ವಾರಗಟ್ಟಲೆ ವಾದ ಮಾಡಿದರು.

ಈಗ ಅತ್ತೆಗೆ ಎಪ್ಪತ್ತೇಳು. ಈ ಪುಷ್ಯಕ್ಕೆ ಮತ್ತೊಂದು ಸಂಘ ಬರುವ ಸುದ್ದಿಯಿದೆ. ಈ ಸಲ ಯಾರೂ ಹೇಳದೆ ನಮ್ಮಿಬ್ಬರ ಹೆಸರು ಬರೆಸಿದವಳು ನಾನೇ. ಆ ಸುದ್ದಿ ತಿಳಿಸುತ್ತ, ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಮೊನ್ನೆ ಸಂಜೆ ಕೇಳಿಬಿಟ್ಟೆ.

"ಅತ್ತಿ, ಅವತ್ತೂ ಮಹಾರಾಜರು ನಿಂದರಲಿಲ್ಲಂದ್ರ ಏನ ಮಾಡತಿದ್ರಿ?"

"ನಿಂದರದ ಎಲ್ಲಿ ಹೋಗ್ತಾರ? ನಿನಗ ನೀರ ಹಾಕಿ ಹಾಕಿ ನನ್ನ ರಟ್ಟಿ ಬಿದ್ದ ಹೋಗಿತ್ತು!" ಎಂದು ನಕ್ಕರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು:

"ನಿಂದರದಿದ್ರೂ ನಡೀತಿತ್ತ ಬಿಡು. ನೀ ನಿಂತಿದ್ದಿ."