ತಿರಕಿ ಕುಲಾಯಿ

ಅವರ ತುಟಿಯ ಎಡಮೂಲೆಯಲ್ಲಿ ಯಾವಾಗಲೂ ಎರಡು ಮೂರು ಗುಂಡುಸೂಜಿಗಳು ಇರುತ್ತಿದ್ದವು. ಮಾತೆಲ್ಲ ಬಲಮೂಲೆಯಿಂದ ಬರುತ್ತಿತ್ತು. ನಗು ಬಂದರೆ ಮಾತ್ರ ಸೂಜಿಗಳನ್ನು ಬಾಯಿಂದ ತೆಗೆದು, ಸೆರಗಿಗೆ ಚುಚ್ಚಿ, ಆಮೇಲೆ ನಗುತ್ತಿದ್ದರು. ಹೀಗಾಗಿ ಅವರ ನಗು ಸ್ವಲ್ಪ ತಡವಾಗಿಯೇ ಬರುತ್ತಿತ್ತು. ಹೊಸಬರು ತಮ್ಮ ಮಾತು ಇವರಿಗೆ ಹಿಡಿಸಲಿಲ್ಲವೇನೋ ಎಂದುಕೊಂಡು ಸುಮ್ಮನಾಗುವ ಹೊತ್ತಿಗೆ ಅಂಗಡಿ ತುಂಬ ನಗುತ್ತಿದ್ದರು.

ರಾಣೆಬೆನ್ನೂರಿನಲ್ಲಿ ನಮ್ಮ ಪತ್ರಿಕೆಯ ಕಚೇರಿ ಅವರ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಓಣಿಗೆಲ್ಲ ಅವರು ಟೇಲರ್ ಅಕ್ಕ. ಆದರೆ ದೊಡ್ಡವರ ಬಟ್ಟೆಯನ್ನು ಅವರು ಮುಟ್ಟುತ್ತಿರಲಿಲ್ಲ. ಹಸುಗೂಸುಗಳ ತಲೆಗೆ ಕುಲಾಯಿ, ಮೈಗೆ ಅಂಗಿ, ತೊಟ್ಟಿಲಿಗೆ ಹಾಸುವ ಪುಟ್ಟ ಕೌದಿ, ಇಷ್ಟೇ ಅವರ ಕೆಲಸ. ಯಾಕೆಂದು ಒಮ್ಮೆ ಕೇಳಿದ್ದೆ.

"ದೊಡ್ಡವರು ಅಳತಿ ಕೊಡೂವಾಗ ಹೊಟ್ಟಿ ಒಳಗ ಎಳಕೊಂಡು ನಿಂದರತಾರ. ಆಮ್ಯಾಗ ಬಿಗಿ ಆತು ಅಂತ ನನ್ನ ಬೈತಾರ. ಕೂಸು ಹಂಗ ಮಾಡಂಗಿಲ್ಲ."

ಕೂಸಿನ ತಲೆಯನ್ನು ಅವರು ಟೇಪಿನಿಂದ ಅಳೆಯುತ್ತಿರಲಿಲ್ಲ. ದಾರ ಸುತ್ತಿ ಅಳೆದು, ಆ ದಾರವನ್ನು ಅದೇ ಕುಲಾಯಿಯ ಮಡಿಕೆಯೊಳಗೆ ಸೇರಿಸಿ ಹೊಲಿಯುತ್ತಿದ್ದರು. ಕೂಸಿನ ಅಳತೆ ಹೊರಗೆ ಬೀಳಬಾರದು ಎಂಬುದು ಅವರ ನಂಬಿಕೆ. ಹಲಗೇರಿ ಕಡೆಯ ಹೆಂಗಸರೂ, ಕಾಗಿನೆಲೆಗೆ ಹೋಗಲು ಬಂದು ಬಸ್ಸು ಬದಲಿಸುವವರೂ ಬಾಣಂತಿಯ ತಟ್ಟೆಗೆ ಇಡಲು ಅವರ ಕುಲಾಯಿಯೇ ಬೇಕೆಂದು ಹುಡುಕಿಕೊಂಡು ಬರುತ್ತಿದ್ದರು.

ನಾನು ಮೆಟ್ಟಿಲು ಹತ್ತುವಾಗೆಲ್ಲ ಒಂದು ಮಾತು ಎಸೆಯದೆ ಬಿಡುತ್ತಿರಲಿಲ್ಲ. "ಪೇಪರ್ ತಮ್ಮಾ, ಇವತ್ತರ ಹುಟ್ಟಿದವರ ಸುದ್ದಿ ಬರದೀ ಏನಪಾ? ದಿನಾ ಬರೇ ಸತ್ತವರದಾತು."

"ಹುಟ್ಟೂದು ಸುದ್ದಿ ಅಲ್ಲರಿ ಅಕ್ಕಾರ."

ಸೂಜಿ ಸೆರಗಿಗೆ ಹೋಯಿತು. "ನಿನ್ನ ಪೇಪರು ನನ್ನ ಅಂಗಡಿಗಿಂತ ಮೊದಲ ಮುಚ್ಚತೈತಿ ತಗೋ."

ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಒಂದು ದಿನ ಇವರ ಕುಲಾಯಿಗಳನ್ನು ನೋಡಿ, ಮೊಬೈಲಿನ ಮೂಲಕ ಮಾರುತ್ತೇನೆ ಎಂದು ಬಂದ. ಓಣಿಯ ನಾಲ್ಕಾರು ಹೆಂಗಸರು ಇವರ ಜೊತೆ ಹೊಲಿಯಲು ಕೂತರು. ಡಬ್ಬಿಯ ಮೇಲೆ ಅಚ್ಚು ಹಾಕಿಸಲು, ಕುಲಾಯಿಯ ಅಂಚಿನ ಪಟ್ಟಿಯ ಮೇಲೆ ನೇಯಿಸಲು ಒಂದು ಹೆಸರು ಬೇಕು ಎಂದ. ಇವರು ತಡಮಾಡದೆ "ತಿರಕಿ ಅಂತ ಇಡ್ರಿ" ಎಂದರು. ಆ ವ್ಯಾಪಾರಿಯ ಮನೆಮಾತು ಬೇರೆ. ಬೇಡಿ ತಿನ್ನುವವಳಿಗೆ ಇಲ್ಲಿ ಹಾಗೆನ್ನುತ್ತಾರೆ ಎಂಬುದು ಅವನಿಗೆ ತಿಳಿಯದು. ಅವನಿಗೆ ಅದು ಮುದ್ದಾಗಿ ಕೇಳಿಸಿತು. ಗುಲಾಬಿ ಬಣ್ಣದ ಡಬ್ಬಿ, ಅದರ ಮೇಲೆ ದುಂಡುಗೆನ್ನೆಯ ಕೂಸಿನ ಚಿತ್ರ, ಕೆಳಗೆ ಬಂಗಾರದ ಅಕ್ಷರಗಳಲ್ಲಿ ಆ ಹೆಸರು. ಹೊಲಿಯುವ ಹೆಂಗಸರಾಗಲಿ, ಅಂಗಡಿಗೆ ಬರುವವರಾಗಲಿ ಯಾರೂ ಏನೂ ಅನ್ನಲಿಲ್ಲ. ನಮ್ಮ ಕಡೆ ತಿರಕಪ್ಪ, ತಿರಕವ್ವ ಮನೆಮನೆಯಲ್ಲಿ ಇರುವ ಹೆಸರುಗಳು. ಡಬ್ಬಿ ನೋಡಿದಾಗ ನನಗೂ ಏನೂ ಅನ್ನಿಸಿರಲಿಲ್ಲ.

ಬೆಂಗಳೂರಿನಲ್ಲಿ ತೊಟ್ಟಿಲು ಕಾರ್ಯಕ್ಕೆ ಯಾರೋ ಉಡುಗೊರೆ ಕೊಟ್ಟ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು ಒಬ್ಬ ತಾಯಿ ಮಾತಾಡಿದ ವಿಡಿಯೋ ಮೊದಲು ಬಂತು. "ನನ್ನ ಮಗಳ ತಲೆ ಮೇಲೆ ಭಿಕ್ಷುಕಿ ಅಂತ ಬರೆದು ಕಳಿಸಿದ್ದಾರೆ" ಎಂದು ಆಕೆ ಅಳುತ್ತಿದ್ದಳು. ಅದು ನಾಟಕದ ಅಳುವಲ್ಲ. ಒಂದೆರಡು ದಿನದಲ್ಲಿ ಅದು ಎಲ್ಲರ ಮೊಬೈಲಿಗೂ ಬಂತು. ಬಡವರನ್ನು ಹೀಗಳೆದಿದ್ದಾರೆ ಎಂದು ಕೆಲವರು, ಹೆಣ್ಣುಮಕ್ಕಳನ್ನು ಅವಮಾನಿಸಿದ್ದಾರೆ ಎಂದು ಇನ್ನು ಕೆಲವರು. ಹಾವೇರಿಯಲ್ಲಿ ಜಿಲ್ಲಾಡಳಿತಕ್ಕೆ ಮನವಿ ಕೊಟ್ಟರು. ರಾಣೆಬೆನ್ನೂರಿನಲ್ಲಿ ಒಂದು ಗುಂಪು ನೇರವಾಗಿ ಅಂಗಡಿಗೇ ಬಂತು.

ನಾನು ಮಹಡಿಯ ಕಿಟಕಿಯಲ್ಲಿ ನಿಂತು ನೋಡಿದೆ. ಡಬ್ಬಿಗಳನ್ನು ರಸ್ತೆಗೆ ಸುರಿದು ಬೆಂಕಿ ಹಚ್ಚಿದರು. ವರದಿಗಾರನಾಗಿ ಬಸ್ಸು ಉರಿಯುವುದನ್ನು ನೋಡಿದ್ದೇನೆ, ಗೋದಾಮು ಉರಿಯುವುದನ್ನು ನೋಡಿದ್ದೇನೆ. ಅಂಗೈಯಷ್ಟು ಅಗಲದ ಬಿಳಿ ಟೊಪ್ಪಿಗೆಗಳು ಒಂದೊಂದಾಗಿ ಮುದುಡುವುದನ್ನು ನೋಡಿರಲಿಲ್ಲ. ಲೇಸು ಮೊದಲು ಕರಗುತ್ತಿತ್ತು, ಅರಿವೆ ಆಮೇಲೆ ಹತ್ತಿಕೊಳ್ಳುತ್ತಿತ್ತು. ಘೋಷಣೆ ಕೂಗುತ್ತಿದ್ದವರಲ್ಲಿ ಒಬ್ಬನ ಮಗನಿಗೆ ಹೋದ ವರ್ಷ ಇದೇ ಅಂಗಡಿಯ ಕುಲಾಯಿ ಹಾಕಿದ್ದರು. ಅವನೂ ಕೂಗುತ್ತಿದ್ದ. ಅಕ್ಕ ಬಾಗಿಲಲ್ಲಿ ನಿಂತಿದ್ದರು. ತುಟಿಯಲ್ಲಿ ಸೂಜಿಗಳು ಹಾಗೇ ಇದ್ದವು.

ಗುಂಪು ಚದುರಿದ ಮೇಲೆ ಕೆಳಗಿಳಿದೆ. ಹೆಸರು ಬದಲಿಸುತ್ತೀರಾ ಎಂದು ಕೇಳಲೇಬೇಕಿತ್ತು, ಕೇಳಿದೆ.

"ತಗಿಯಂಗಿಲ್ಲ ಅಂತ ಬರಿ."

"ಯಾಕಂತ ಬರೀಲಿ?"

ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ ಹೇಳಿದರು. ಅವರ ಗಂಡನ ಮನೆ ಮೋಟೆಬೆನ್ನೂರು. ಅಲ್ಲಿ ಅವರಿಗೆ ಮೊದಲು ಹುಟ್ಟಿದ ಎರಡು ಕೂಸುಗಳೂ ಉಳಿಯಲಿಲ್ಲ. ಮೂರನೆಯದು ಹೆಣ್ಣು. ಅದು ಹುಟ್ಟಿದ ದಿನವೇ ಅತ್ತೆ ಸೆರಗೊಡ್ಡಿ ಊರ ಮನೆಗಳಿಗೆ ಹೋಗಿ ಹಳೆ ಅರಿವೆಯ ತುಂಡು ಬೇಡಿ ತಂದರು. ಬೇಡಿದ ಅರಿವೆಯಲ್ಲೇ ಅಂಗಿ ಹೊಲಿದು ತೊಡಿಸಿ, ತಿರಕವ್ವ ಎಂದು ಕರೆದರು.

"ಯಮ ಬಂದು ಬಗ್ಗಿ ನೋಡಿದ್ರ, ಇದು ತಿರಕೊಂಡು ತಿನ್ನೂ ಕೂಸು, ಇದನ್ನ ಒಯ್ದು ಏನ್ಮಾಡ್ಲಿ ಅಂತ ತಿರುಗಿ ಹೋಗಬೇಕು. ಅದಕ್ಕ. ನನ್ನ ಮಗಳು ಉಳದ್ಲು, ತಮ್ಮಾ."

ಆ ಮಗಳನ್ನು ಬ್ಯಾಡಗಿಗೆ ಕೊಟ್ಟಿದ್ದರು. ಅವಳದೂ ಎರಡು ಬಸಿರು ನಿಂತಿರಲಿಲ್ಲ. ಈಗ ಮತ್ತೆ ಏಳು ತಿಂಗಳು. ಮಗಳ ಹೆರಿಗೆ ಆಗಿ, ಕೂಸು ಈ ಅಂಗಡಿಯ ಹೊಸ್ತಿಲು ದಾಟಿ ಬರುವವರೆಗೆ ತಾವು ಹೊಲಿದ ಪ್ರತಿ ಕುಲಾಯಿಯೂ ಆ ಹೆಸರು ಹೊತ್ತೇ ಹೋಗಬೇಕು ಎಂದು ಹರಕೆ ಹೊತ್ತಿದ್ದರು.

"ಕೊಂಡವರ ಕೂಸಿಗೂ ಕಾವಲು ಆಕ್ಕೈತಿ ಅಂದ್ಕೊಂಡಿದ್ದೆ. ಅವರಿಗೆ ಅದು ಬೈಗುಳ ಆಗತೈತಿ ಅಂತ ಹೊಳೀಲಿಲ್ಲ. ಆದ್ರ ಈಗ ನಡುವ ತಗದ್ರ ನನ್ನ ಮಗಳ ಗತಿ? ಆಕಿ ಸುದ್ದಿ ಬರೀಬ್ಯಾಡ. ತಗಿಯಂಗಿಲ್ಲ ಅಂತ ಅಷ್ಟ ಬರಿ."

ಅಷ್ಟೇ ಬರೆದೆ. ಓದಿದವರಿಗೆ ಅದು ಸೊಕ್ಕಿನ ಮಾತಾಗಿ ಕಂಡಿತು. ವ್ಯಾಪಾರಿ ಫೋನಿನಲ್ಲಿ ಗೋಗರೆದ. ಜೊತೆಗೆ ಹೊಲಿಯುತ್ತಿದ್ದ ಹೆಂಗಸರು ಹೆದರಿ ಬರುವುದನ್ನು ಬಿಟ್ಟರು. ಮಗಳು ಬ್ಯಾಡಗಿಯಿಂದ ಫೋನು ಮಾಡಿ, "ಅವ್ವಾ, ಸಾಲ್ಯಾಗ ಆ ಹೆಸರು ಹಿಡದು ಎಷ್ಟು ಕಾಡತಿದ್ರು ಅಂತ ನಿನಗ ಗೊತ್ತಿಲ್ಲ. ಬಿಟ್ಟುಬಿಡು" ಎಂದಳು. "ಕಾಡಿಸಿಕೊಳ್ಳಾಕರ ಉಳದೀಯಲ್ಲ, ಸುಮ್ನಿರು" ಎಂದು ಇವರು ಫೋನು ಇಟ್ಟರು.

ಮರುದಿನ ಮಧ್ಯಾಹ್ನ ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಒಬ್ಬ ಹೆಂಗಸು ಒಳಗೆ ಬಂದಳು. ಬಸ್ ನಿಲ್ದಾಣದ ಬಾಗಿಲಲ್ಲಿ ಕೂತು ಬೇಡುವವಳು. ಎಷ್ಟೋ ಸಲ ಅವಳನ್ನು ದಾಟಿ ಹೋಗಿದ್ದೇನೆ. ಸೊಂಟದ ಮೇಲೆ ಎರಡು ವರ್ಷದ ಹೆಣ್ಣುಕೂಸು. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ಅಕ್ಕ ತರಿಸಿದ ಚಹಾ ಕುಡಿಯುತ್ತಿದ್ದೆ. ಅವಳು ನನ್ನನ್ನು ನೋಡಲೇ ಇಲ್ಲ.

"ಟೊಪಗಿಗೆ ತಿರಕಿ ಅಂತ ಹೆಸರಿಟ್ಟೋರು ನೀವ ಏನ್ರಿ?"

"ಹೌದವಾ. ಅದು ನನ್ನ ಮಗಳ ಹೆಸರು."

"ನಿಮ್ಮ ಮಗಳು ಬೇಡ್ಯಾಳೇನ್ರಿ?"

ಅಕ್ಕ ಇಲ್ಲವೆಂದು ತಲೆ ಆಡಿಸಿದರು.

"ಈಕೀನ್ನ ಎಲ್ಲಾರೂ ಹಂಗ ಕರೀತಾರ್ರಿ. ಏ ತಿರಕಿ, ಆಕಡೆ ಸರಿ ಅಂತಾರ. ಕಂಡಕ್ಟರ್ ಅಂತಾನ, ಚಾದಂಗಡಿಯವ ಅಂತಾನ. ನಿಮ್ಮ ಮಗಳಿಗೆ ಬ್ಯಾಡಾದ್ರ ಆ ಹೆಸರು ಬಿಡಿಸಾಕ ನೀವದೀರಿ. ಈಕಿಗೆ ಯಾರು ಬಿಡಸ್ತಾರ?" ಸ್ವರ ಏರಲಿಲ್ಲ. ದಾರಿ ಕೇಳುವವರಂತೆ ಕೇಳಿದಳು.

ಅಕ್ಕ ಸೂಜಿಗಳನ್ನು ಬಾಯಿಂದ ತೆಗೆದರು. ಸೆರಗಿಗೆ ಚುಚ್ಚದೆ ಹೊಲಿಗೆ ಯಂತ್ರದ ಮೇಲೆ ಇಟ್ಟರು. "ಕೂಸಿನ ಖರೇ ಹೆಸರೇನವಾ?"

"ಈಗ ಕೇಳತೀರಿ," ಎಂದಳು ಅವಳು. ಹೆಸರು ಹೇಳಲಿಲ್ಲ. ಬಗ್ಗಿ ಹೊರಟುಹೋದಳು.

ಬೆಂಕಿ ಹಚ್ಚಿದಾಗ ಅಲುಗದೆ ನಿಂತಿದ್ದ ಅಕ್ಕ ಈಗ ಅವಳ ಹಿಂದೆಯೇ ಶಟರಿನವರೆಗೆ ಹೋಗಿ, ತಿರುಗಿ ಬಂದು ಕೂತರು. ಈ ಗಲಾಟೆಯ ಬಗ್ಗೆ ನಾವು ಎಷ್ಟೋ ಜನರ ಹೇಳಿಕೆ ಅಚ್ಚು ಹಾಕಿದ್ದೆವು. ಆ ಹೆಸರಿನಿಂದ ದಿನಾ ಕರೆಸಿಕೊಳ್ಳುವವರು ಊರಿನಲ್ಲಿ ಇದ್ದಾರೆ ಎಂಬುದು ಯಾರ ಹೇಳಿಕೆಯಲ್ಲೂ ಇರಲಿಲ್ಲ.

ಚಹಾ ಆರಿತು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಎದ್ದು, ಸುಡದೆ ಉಳಿದಿದ್ದ ಮೂಟೆಯನ್ನು ಬಿಚ್ಚಿ, ಒಂದೊಂದೇ ಕುಲಾಯಿಯ ಪಟ್ಟಿಯನ್ನು ಕತ್ತರಿಯ ತುದಿಯಿಂದ ಬಿಡಿಸತೊಡಗಿದರು. ಹರಕೆಯ ಮಾತನ್ನು ನಾನು ಎತ್ತಲಿಲ್ಲ. ಅವರೇ ಎತ್ತಿದರು. "ನನ್ನ ಮೊಮ್ಮಗೂನ ಕಾಯಾಕ ಆಕಿ ಮಗಳನ್ನ ಯಮನ ಮುಂದ ನಿಲ್ಲಿಸಿದಂಗಾತಲ್ಲೋ ತಮ್ಮಾ."

ಆ ಎರಡು ತಿಂಗಳು ಅವರು ನಗಲಿಲ್ಲ. ಫೋನು ಬಡಿದರೆ ಬೆಚ್ಚುತ್ತಿದ್ದರು. ಮಗಳಿಗೆ ನೋವು ಬಂದಿದೆ, ಬ್ಯಾಡಗಿಯ ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬ ಸುದ್ದಿ ಬಂದ ದಿನ ನಾನು ಹಾವೇರಿಯಿಂದ ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದೆ. ನಿಲ್ದಾಣದ ಬಾಗಿಲಲ್ಲಿ, ಅಷ್ಟು ಜನರ ನಡುವೆ, ಅಕ್ಕ ಆ ಹೆಂಗಸಿನ ಮುಂದೆ ಸೆರಗೊಡ್ಡಿ ನಿಂತಿದ್ದರು. ಹತ್ತಿರ ಹೋಗುವವರೆಗೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

"ಮೊಮ್ಮಗೂಗ ಒಂದು ಅರಿವಿ ಕೊಡವಾ. ಹರಕಿ ಮುರದೇನಿ. ಹೆಸರು ಬ್ಯಾಡ, ಅರಿವಿ ಅಷ್ಟ ಕೊಡು. ನಿನ್ನ ಕೈಯಿಂದನ ಕೊಡು."

ಅವಳು ಮಡಿಲಲ್ಲಿದ್ದ ಮಗಳನ್ನು ನೋಡಿದಳು, ಇವರ ಸೆರಗನ್ನು ನೋಡಿದಳು. "ಇಲ್ರಿ ಅಕ್ಕಾರ. ಈಕಿಗೆ ಇರೂವ ಎರಡು ಅಂಗಿ. ಒಂದು ಮೈಮ್ಯಾಲೈತಿ, ಇನ್ನೊಂದು ಒಗದು ಒಣಹಾಕೇನಿ. ನಿಮಗ ಕೊಟ್ರ ಈಕಿ ಏನ ಹಾಕ್ಕೋಬೇಕು?"

ಅಕ್ಕ ಸೆರಗು ಮಡಚಿದರು. ದುಡ್ಡು ಕೊಡಲು ಹೋಗಲಿಲ್ಲ, ವಾದಿಸಲಿಲ್ಲ. ಬ್ಯಾಡಗಿ ಬಸ್ಸಿನ ಕಡೆಗೆ ಅವರ ಜೊತೆ ನಡೆದೆ.

"ನಮ್ಮತ್ತಿ ಸೆರಗೊಡ್ಡಿದಾಗ ಊರಾಗ ಒಬ್ರೂ ಇಲ್ಲ ಅಂದಿರಲಿಲ್ಲ," ಎಂದರು. "ಗೌಡರ ಮನ್ಯಾಗ ಹೊಸಾ ಅರಿವೀನ ಹರದು ಕೊಟ್ಟಿದ್ರಂತ. ನಾವು ಬೇಡಿದ್ದು ಬೇಡಿದ್ದ ಅಲ್ಲ ಬಿಡು. ಇಲ್ಲ ಅನ್ನಿಸಿಕೊಳ್ಳೂದು ಹೆಂಗಿರತೈತಿ ಅಂತ ಇವತ್ತ ಗೊತ್ತಾತು."

ಸಂಜೆ ಆಸ್ಪತ್ರೆಯಿಂದ ಅಕ್ಕನ ಫೋನು ಬಂತು. ಗಂಡುಕೂಸು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಆಸ್ಪತ್ರೆಯವರು ಕೊಟ್ಟ ಬಿಳಿ ಅರಿವೆಯಲ್ಲೇ ಸುತ್ತಿದ್ದರಂತೆ. ಅಕ್ಕ ಮತ್ತೆ ಯಾರಲ್ಲೂ ಏನೂ ಬೇಡಲಿಲ್ಲ. ಊರಿಗೆ ಮರಳಿದ ಮೇಲೂ ಹೊಲಿದರು. ಕುಲಾಯಿಗಳ ಅಂಚು ಖಾಲಿ ಇರುತ್ತಿತ್ತು. ನಿಲ್ದಾಣದ ಆ ಹೆಂಗಸು ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋದಳೆಂದು ಚಹಾದಂಗಡಿಯವನು ಹೇಳಿದ. ಆ ಕೂಸಿನ ಹೆಸರು ಅಕ್ಕನಿಗೆ ಕೊನೆಗೂ ತಿಳಿಯಲಿಲ್ಲ.

ಕಳೆದ ಚಳಿಗಾಲದಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡರು. ಮೊಮ್ಮಗ ಆಗ ಅಂಗಡಿ ತುಂಬ ಓಡಾಡುತ್ತಿದ್ದ. ನಿಧನವಾರ್ತೆಯನ್ನು ನಾನೇ ಬರೆದೆ, ನಾಲ್ಕು ಸಾಲು.

ಈಗ ನಾನು ಊರೂರುಗಳಿಂದ ಬರುವ ವರದಿಗಳನ್ನು ತಿದ್ದುವ ಕೆಲಸದಲ್ಲಿದ್ದೇನೆ. ಬರೀ "ಭಿಕ್ಷುಕಿ" ಎಂದು ಬರೆದು ಕಳಿಸಿದ ಸುದ್ದಿ ಬಂದರೆ, ಹೆಸರು ಕೇಳಿಕೊಂಡು ಬನ್ನಿ ಎಂದು ತಿರುಗಿ ಕಳಿಸುತ್ತೇನೆ. ವರದಿಗಾರರು ಗೊಣಗುತ್ತಾರೆ, ಆದರೂ ಹೋಗುತ್ತಾರೆ. ಕೆಲವು ಸಲ ಹೆಸರು ಸಿಗುತ್ತದೆ. ಕೆಲವು ಸಲ, "ಹೇಳಂಗಿಲ್ಲ ಅಂದ್ರು ಸರ್" ಎಂಬ ಉತ್ತರ ಬರುತ್ತದೆ. ಆಗ ನಮ್ಮ ಪತ್ರಿಕೆಯಲ್ಲಿ, ಮಂತ್ರಿಗಳ ಬಗ್ಗೆ ಬರೆಯುವಂತೆಯೇ, ಮಹಿಳೆ ತಮ್ಮ ಹೆಸರು ತಿಳಿಸಲು ನಿರಾಕರಿಸಿದರು ಎಂದು ಅಚ್ಚಾಗುತ್ತದೆ.