ಗಾಳಿ ನಿಲ್ಲುತ್ತಿದ್ದ ಕಾರಿನಲ್ಲಿ ಮಣಿಪಾಲಕ್ಕೆ

ಕಾರ್ಕಳದ ನಮ್ಮ ಮನೆಯಿಂದ ಹೊರಟಾಗ ಬೆಳಗ್ಗೆ ಎಂಟು ಗಂಟೆ ದಾಟಿತ್ತು. ಎಂಬತ್ತರ ದಶಕದ ನಡುವಿನ ಒಂದು ಮೇ ತಿಂಗಳು. ಅಷ್ಟು ಹೊತ್ತಿಗೇ ಅಂಗಳದ ನೆಲ ಪಾದಕ್ಕೆ ಬಿಸಿ ತಾಗುತ್ತಿತ್ತು. ನೆರೆಮನೆಯ ಇಬ್ಬರು ನಿಮ್ಮ ಅಜ್ಜನನ್ನು ಹಿಡಿದು ತಂದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ನಾನು ಅವರ ಬೆನ್ನಿಗೆ ಎರಡು ದಿಂಬು ಕೊಟ್ಟು ಪಕ್ಕದಲ್ಲಿ ಕುಳಿತೆ. ಮಲಗಿದರೆ ಅವರಿಗೆ ಉಸಿರು ಸಿಗುತ್ತಿರಲಿಲ್ಲ. ಕಾಲ ಬಳಿ ಬಟ್ಟೆಯ ಚೀಲ, ಗಂಜಿಯ ಪಾತ್ರೆ, ಬಿಸಿನೀರಿನ ಫ್ಲಾಸ್ಕು. ನಿಮ್ಮ ಅಮ್ಮ ಆಗ ಶಾಲೆಗೆ ಹೋಗುವ ಹುಡುಗಿ. ಅವಳನ್ನು ನನ್ನ ತಾಯಿಯ ಬಳಿ ಬಿಟ್ಟಿದ್ದೆವು. ಗೇಟಿನ ತನಕ ಬಂದು ನಿಂತಳು, ಕೈ ಬೀಸಲಿಲ್ಲ.

ನೀವು ಯಾರೂ ಅಜ್ಜನನ್ನು ನೋಡಿದವರಲ್ಲ. ಅವರು ಬಹಳ ವರ್ಷ ಕಲ್ಲಿನ ಕೋರೆಯಲ್ಲಿದ್ದರು. ಮೊದಲು ಬಂಡೆಗೆ ತೂತು ಕೊರೆಯುವ ಕೆಲಸ, ಆಮೇಲೆ ಮೇಸ್ತ್ರಿ. ಆ ಕಲ್ಲಿನ ಪುಡಿ ಎದೆಯೊಳಗೆ ಇಳಿದು ಕುಳಿತಿತ್ತು. ಕಾರ್ಕಳದ ಡಾಕ್ಟರು ನನ್ನನ್ನು ಬದಿಗೆ ಕರೆದು, "ಮಣಿಪಾಲಕ್ಕೆ ಕರೆದುಕೊಂಡು ಹೋಗಿ. ಆದರೆ ದಾರಿಯಲ್ಲಿ ಧೂಳು ತಾಗಬಾರದು. ಇನ್ನೊಂದು ದೊಡ್ಡ ಕೆಮ್ಮು ಬಂದರೆ ತಡೆದುಕೊಳ್ಳುವ ಶಕ್ತಿ ಅವರಲ್ಲಿ ಇಲ್ಲ" ಎಂದಿದ್ದರು. ಹಿರಿಯಡ್ಕದ ಮೇಲಿನ ನೇರ ದಾರಿಯಲ್ಲಿ ಆಗ ಜಲ್ಲಿ ಹಾಸುತ್ತಿದ್ದರು, ಎದುರಿನ ವಾಹನ ಕಾಣದಷ್ಟು ಧೂಳು. ಹಾಗಾಗಿ ಬೆಳ್ಮಣ್, ಪಡುಬಿದ್ರೆ, ಕಾಪು, ಉಡುಪಿ ಸುತ್ತಿಕೊಂಡು ಹೋಗುವುದೆಂದಾಯಿತು. ಮೂವತ್ತೈದು ಕಿಲೋಮೀಟರಿನ ದಾರಿ ಅರುವತ್ತರ ಹತ್ತಿರ ಆಗುತ್ತದೆ. ಆದರೆ ಡಾಂಬರು ಉಂಟು.

ಕಾರು ಅಜ್ಜನ ತಮ್ಮನದು. ಅವರು ಗಲ್ಫಿನಲ್ಲಿದ್ದರು, ಮನೆ ಎರ್ಮಾಳಿನಲ್ಲಿ. ಬೊಂಬಾಯಿಯಲ್ಲಿ ಎಸಿ ಕೂರಿಸಿ ತರಿಸಿದ ಅಂಬಾಸಿಡರ್ ಅದು. ಮುಂದಿನ ಸೀಟಿನ ಎದುರು, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಕಪ್ಪು ಪೆಟ್ಟಿಗೆ ತೂಗುಹಾಕಿದ ಹಾಗೆ ಇತ್ತು. ತಂಪು ಗಾಳಿ ಅದರಿಂದ ಬರುವುದು. ನಮ್ಮ ಸುತ್ತಿನಲ್ಲಿ ಗಾಜು ಪೂರ್ತಿ ಮುಚ್ಚಿ ಹೋಗಬಹುದಾದ ಕಾರು ನಮಗೆ ತಿಳಿದಂತೆ ಅದೊಂದೇ. ತಮ್ಮನ ಹೆಂಡತಿಗೆ ಹೇಳಿ ಕಳುಹಿಸಿದ ಕೂಡಲೇ ಡ್ರೈವರ್ ಸಂಜೀವನ ಕೈಯಲ್ಲಿ ಕಳುಹಿಸಿದಳು.

ಬೆಳ್ಮಣ್ ದಾಟುವವರೆಗೆ ಸುಖವಾಗಿಯೇ ಹೋದೆವು. ಒಳಗೆ ಎಷ್ಟು ತಂಪೆಂದರೆ ಅಜ್ಜನಿಗೆ ಶಾಲು ಹೊದೆಸಿದೆ. ಅವರ ಉಸಿರಿನ ಸಿಳ್ಳು ಕಡಿಮೆಯಾಗಿತ್ತು. "ತಮ್ಮ ಇದರಲ್ಲಿ ಕೂತು ಊರು ಸುತ್ತುವಾಗ ನಾನು ನಗಾಡಿದ್ದೆ" ಎಂದರು. ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದು ವಾರವಾಗಿತ್ತು. ನಾವು ಆಡಿದ್ದೆಲ್ಲ ತುಳುವಿನಲ್ಲಿ, ನಿಮಗೆ ಓದಲಿಕ್ಕೆ ಕನ್ನಡದಲ್ಲಿ ಬರೆದಿದ್ದೇನೆ.

ನಂದಿಕೂರು ಬರುವಾಗ ಗಾಳಿ ಸಣ್ಣದಾಯಿತು. ಪೆಟ್ಟಿಗೆಯೊಳಗೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು, ಗಾಳಿ ಮಾತ್ರ ಇಲ್ಲ. ಮುಚ್ಚಿದ ಕಾರಿನೊಳಗೆ ಬೇಗನೆ ಸೆಕೆ ತುಂಬಿತು. ಅಜ್ಜ ಶಾಲು ತಳ್ಳಿ ಕುತ್ತಿಗೆ ಎತ್ತಿದರು. ಸಂಜೀವ ಗುಂಡಿ ತಿರುಗಿಸಿದ, ಪೆಟ್ಟಿಗೆಗೆ ಎರಡು ತಟ್ಟಿದ. "ಗ್ಯಾಸು ಖಾಲಿಯಾಗಿರಬೇಕು ಅಕ್ಕ" ಎಂದು, ಬೇರೆ ದಾರಿ ಕಾಣದೆ, ತನ್ನ ಬದಿಯ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿದ. ಅದೇ ಹೊತ್ತಿಗೆ ಎದುರಿನಿಂದ ಒಂದು ಬಸ್ಸು ರಸ್ತೆಯ ಅಂಚಿನ ಮಣ್ಣಿಗೆ ಚಕ್ರ ಇಳಿಸಿ ಹೋಯಿತು. ಕೆಂಪು ಧೂಳು ಒಳಗೆ ಬಂತು.

ಆ ಕೆಮ್ಮನ್ನು ನಾನು ಬರೆಯುವುದಿಲ್ಲ. ಪಡುಬಿದ್ರೆಯಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿ ಇಂಜಿನ್ ಆರಿಸಿದಾಗ ಅವರ ತುಟಿ ನೀಲಿಯಾಗಿತ್ತು. ಬಿಸಿನೀರು ಗುಟುಕು ಗುಟುಕಾಗಿ ಕುಡಿಸಿದೆ. ಸಂಜೀವ ಹೊರಗೆ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಪುನಃ ಕಾರ್ಕಳಕ್ಕೆ ತಿರುಗುವುದೋ, ಮುಂದೆ ಹೋಗುವುದೋ ಎಂದು ಕೇಳಿದ. ಅಜ್ಜ ಬೆರಳಿನಿಂದ ಮುಂದಕ್ಕೆ ತೋರಿಸಿದರು.

ಅರ್ಧ ಗಂಟೆಯಷ್ಟು ನಿಂತಿರಬೇಕು. ಆಗ ಮುಂದಿನ ಸೀಟಿನ ಕೆಳಗೆ ಹಾಸಿದ ರಬ್ಬರಿನ ಮೇಲೆ ನೀರು ಹರಿಯುವುದನ್ನು ಕಂಡೆ. ಪೆಟ್ಟಿಗೆಯ ಅಡಿಯಿಂದ ಹನಿ ತಪ್ಪದೆ ಬೀಳುತ್ತಿತ್ತು. ಸಂಜೀವ ಕಾರು ಹೊರಡಿಸಿ ಗುಂಡಿ ತಿರುಗಿಸಿದ ಕೂಡಲೇ ಗಾಳಿ ಮೊದಲಿನ ಹಾಗೇ ಜೋರಾಗಿ ಬಂತು. ಗಾಳಿಯ ಜೊತೆ ನೀರಿನ ತುಂತುರು ನನ್ನ ಮುಖದವರೆಗೆ ಹಾರಿತು. "ಸರಿಯಾಯಿತು, ದೇವರು ದೊಡ್ಡವನು" ಎಂದ ಸಂಜೀವ. ಎರ್ಮಾಳ್ ಕಳೆದು ಉಚ್ಚಿಲ ಬರುವಷ್ಟರಲ್ಲಿ ಗಾಳಿ ಪುನಃ ಬತ್ತತೊಡಗಿತು. ಈ ಸಲ ಗಾಜು ಇಳಿಸಲು ನಾನು ಬಿಡಲಿಲ್ಲ. ಅಜ್ಜನ ಮುಖಕ್ಕೆ ಸೆರಗಿನಿಂದ ಗಾಳಿ ಹಾಕುತ್ತಾ ಕಾಪುವಿನವರೆಗೆ ಹೋದೆವು.

ಕಾರಿನ ಎಸಿ ನೋಡುವವರು ಆಗ ಮಂಗಳೂರಿನಲ್ಲಿ ಮಾತ್ರ ಇದ್ದರು. ಸಂಜೀವನಿಗೆ ಕಾಪುವಿನ ಒಂದು ಐಸ್ ಫ್ಯಾಕ್ಟರಿಯ ನೆನಪಾಯಿತು. ಮೀನಿಗೆ ಐಸ್ ಮಾಡುವ ಜಾಗ. ಅಲ್ಲಿ ಯಂತ್ರ ನೋಡಿಕೊಳ್ಳುವವರು ಲಾರೆನ್ಸ್ ಎಂಬ ಹಿರಿಯರು, ಶಂಕರಪುರ ಕಡೆಯವರು. ಕ್ರೈಸ್ತ ಹಿರಿಯರನ್ನು ನಮ್ಮಲ್ಲಿ ಪೊರ್ಬುಗಳು ಎಂದು ಕರೆಯುವುದು. ಸಂಜೀವ ಒಳಗೆ ಓಡಿ ಅವರನ್ನು ಕರೆತಂದ. ಮೊಣಕಾಲಿನವರೆಗೆ ಪ್ಯಾಂಟು ಮಡಚಿ, ಕೈಯಲ್ಲಿ ಅರ್ಧ ತಿಂದ ಬನ್ಸ್ ಹಿಡಿದೇ ಬಂದರು.

"ನಾನು ಮೀನಿನ ಐಸಿನವನು ಮಾರಾಯ. ನಿಮ್ಮ ದುಬಾಯಿ ಕಾರಿನದ್ದು ನನಗೆಂತ ಗೊತ್ತುಂಟು?" ಎಂದರು. ಕಾರಿನೊಳಗೆ ಬಗ್ಗಿ ಅಜ್ಜನ ಮುಖ ನೋಡಿದ ಮೇಲೆ ಬನ್ಸನ್ನು ಸಂಜೀವನ ಕೈಗೆ ಕೊಟ್ಟರು. "ಮೊದಲು ಇವರನ್ನು ಒಳಗೆ ಕೂರಿಸುವ. ನಮ್ಮಲ್ಲಿ ಮೀನಿನ ವಾಸನೆ ಉಂಟು, ಧೂಳು ಇಲ್ಲ."

ಐಸ್ ಇಡುವ ಕೋಣೆಯ ಹೊರಗಿನ ಚಾವಡಿಯಲ್ಲಿ ಅಜ್ಜನಿಗೆ ಕುರ್ಚಿ ಹಾಕಿದರು. ನೆಲ ಒದ್ದೆ, ಗೋಡೆ ತಣ್ಣಗೆ. ಅಲ್ಲಿಂದ ಕಾರು ಕಾಣುತ್ತಿತ್ತು.

ಲಾರೆನ್ಸರು ಮೊದಲು ಬಾನೆಟ್ ಎತ್ತಿಸಿ, "ಗ್ಯಾಸು ಕಡಿಮೆಯಾಗಿರಬಹುದು" ಎಂದು ಸಂಜೀವ ಹೇಳಿದ್ದನ್ನೇ ಹೇಳಿದರು. ಆಮೇಲೆ ದಪ್ಪ ಕೊಳವೆಯನ್ನು ಮುಟ್ಟಿ ಕೈ ತೆಗೆದರು. ಅದರ ಮೇಲೆ ಬಿಳಿ ಮಂಜು ಕಟ್ಟಿತ್ತು. "ಗ್ಯಾಸು ಹೋದದ್ದಾದರೆ ಮೊದಲಿನಿಂದಲೇ ತಂಪು ಕಡಿಮೆ ಇರಬೇಕಲ್ವಾ. ಹೇಗೆ ಇತ್ತು?" ಎಂದು ಕೇಳಿದರು.

"ಇಲ್ಲ ಪೊರ್ಬುಗಳೇ, ಅದರಷ್ಟಕ್ಕೆ ಹಾಳಾಯಿತು" ಎಂದ ಸಂಜೀವ.

"ಹಾಳಾದದ್ದು ಗೊತ್ತುಂಟು. ಹೇಗೆ ಹಾಳಾಯಿತು ಹೇಳು. ತಂಪು ಹೋದದ್ದಾ, ಗಾಳಿ ಹೋದದ್ದಾ?"

ಸಂಜೀವನಿಗೆ ಅದು ಎರಡೂ ಒಂದೇ. ನನಗೆ ಉತ್ತರ ಗೊತ್ತಿತ್ತು. ಆದರೆ ಪರಗಂಡಸರಿಗೆ ಏನಾದರೂ ಹೇಳುವುದಿದ್ದರೆ ನಾನು ಅಜ್ಜನ ಕಿವಿಗೆ ಹೇಳುವುದು, ಅವರು ಜೋರಾಗಿ ಹೇಳುವುದು, ಮದುವೆಯಾದಂದಿನಿಂದ ನಮ್ಮ ಕ್ರಮ ಹಾಗೇ ನಡೆದಿತ್ತು. ಆ ದಿನವೂ ಕಿವಿಗೇ ಹೇಳಿದೆ. ಅವರು ಬಾಯಿ ತೆರೆದರು, ಉಸಿರು ಮಾತಿಗೆ ಸಾಲಲಿಲ್ಲ. ನನ್ನ ಕಡೆ ನೋಡಿ ಗಲ್ಲ ಎತ್ತಿ, ನೀನೇ ಹೇಳು ಎಂಬಂತೆ ಕಾರಿನ ಕಡೆ ತೋರಿಸಿದರು.

ನಾನು ಎದ್ದು ಕಾರಿನ ತನಕ ನಡೆದೆ. ನೆಲ ನೋಡಿಕೊಂಡೇ ಹೇಳಿದೆ. "ಮೊದಲು ತುಂಬಾ ತಂಪಿತ್ತು. ಆಮೇಲೆ ಗಾಳಿ ಸಣ್ಣದಾಯಿತು, ಬಂದಷ್ಟು ಗಾಳಿ ತಂಪಾಗಿಯೇ ಇತ್ತು. ಫ್ಯಾನಿನ ಸದ್ದು ನಿಲ್ಲಲಿಲ್ಲ. ಕಾರು ನಿಲ್ಲಿಸಿಟ್ಟ ಮೇಲೆ ಪೆಟ್ಟಿಗೆಯಿಂದ ನೀರು ಬಿತ್ತು. ಪುನಃ ಹೊರಟಾಗ ಗಾಳಿ ಬಂತು."

ಲಾರೆನ್ಸರು ಸಂಜೀವನ ಕಡೆ ತಿರುಗಿ, "ನೀನು ಸ್ಟೇರಿಂಗ್ ಹಿಡಿದು ನಿದ್ದೆ ಮಾಡುವುದಾ?" ಎಂದರು. ಮತ್ತೆ ನನಗೆ ವಿವರಿಸಿದರು. "ಒಳಗೆ ಐಸ್ ಕಟ್ಟುತ್ತದೆ ಅಕ್ಕ. ಆ ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ತಗಡಿನ ಎಡೆಯಿಂದ ಗಾಳಿ ಹೋಗಬೇಕು. ಅದೆಲ್ಲ ಐಸ್ ತುಂಬಿ ಗೋಡೆಯಾದರೆ ಫ್ಯಾನು ತಿರುಗಿ ಎಂತ ಮಾಡುವುದು? ಇಲ್ಲಿ ನಾವು ಐಸ್ ಬೇಕು ಅಂತ ಸಾಯುವುದು, ಅಲ್ಲಿ ಬೇಡದೆ ಆಗುತ್ತದೆ."

ಯಾಕೆ ಕಟ್ಟುತ್ತದೆಂದು ನೋಡಲು ಕಾರಿನ ನೆಲಕ್ಕೆ ಬೆನ್ನು ಹಾಕಿ ಮಲಗಿ, ಟಾರ್ಚು ಹಿಡಿದು ಪೆಟ್ಟಿಗೆಯ ಅಡಿ ನೋಡಿದರು. ಗಾಳಿ ಎಳೆದುಕೊಳ್ಳುವ ಬಾಯಿಗೆ ಇರಬೇಕಾದ ಜಾಲರಿ ಇರಲಿಲ್ಲ. ಎರಡು ಬೆರಳು ತೂರಿಸಿ ಒದ್ದೆಯಾದ ಏನನ್ನೋ ಎಳೆದು ಅಂಗೈಯಲ್ಲಿ ತೋರಿಸಿದರು. ಕಂದು ಬಣ್ಣಕ್ಕೆ ತಿರುಗಿದ ಮಲ್ಲಿಗೆ ಮೊಗ್ಗುಗಳು, ಜೊತೆಗೆ ಬಾಳೆನಾರು.

"ಇದು ನಮ್ಮ ಊರಿನದ್ದು" ಎಂದರು ಲಾರೆನ್ಸರು. ಅವರ ಮನೆಯಲ್ಲೂ ಮಲ್ಲಿಗೆ ಕೃಷಿ. ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯನ್ನು ಅಲ್ಲಿ ಅಟ್ಟೆಯ ಲೆಕ್ಕದಲ್ಲಿ ಮಾರುವುದು. "ಎರಡು ಅಟ್ಟೆಗೆ ಕಡಿಮೆಯಿಲ್ಲ. ಯಾರ ಮದುವೆ?"

ಸಂಜೀವ ತಲೆ ತುರಿಸಿದ. ಹಿಂದಿನ ತಿಂಗಳು ಎರ್ಮಾಳಿನ ಸಂಬಂಧಿಕರ ಮದುವೆಗೆ ಮದುಮಗಳನ್ನು ಇದೇ ಕಾರಿನಲ್ಲಿ ಕರೆದುಕೊಂಡು ಹೋದದ್ದಂತೆ. ಮದುಮಗಳ ಜಡೆಗೆ ಮುಡಿಸುವ ಮಲ್ಲಿಗೆ ಬಾಡಬಾರದೆಂದು, ಪೆಟ್ಟಿಗೆಯ ಅಡಿ ತಣ್ಣಗಿರುವುದನ್ನು ಕಂಡ ಹೆಂಗಸರು ಜಾಲರಿ ಕಿತ್ತು ಅಟ್ಟೆಗಳನ್ನು ಅಲ್ಲಿ ಒತ್ತಿಟ್ಟರಂತೆ.

"ನೀನು ಬೇಡ ಅನ್ನಲಿಲ್ಲವಾ?"

"ನಾಲ್ಕು ಜನ ಚಿಕ್ಕಮ್ಮಂದಿರು ಇದ್ದರು ಪೊರ್ಬುಗಳೇ. ನನ್ನ ಬಾಯಿಗೂ ಒಂದು ಅಟ್ಟೆ ತುರುಕುತ್ತಿದ್ದರು."

ಕುರ್ಚಿಯಲ್ಲಿದ್ದ ಅಜ್ಜನ ಹೆಗಲು ನಗುವಿನಿಂದ ಕುಲುಕಿತು. ಅದು ಕೆಮ್ಮಾದೀತೆಂದು ನಾನು ಓಡಿದೆ. ಆಗಲಿಲ್ಲ.

ಹೂವು ಒತ್ತುವಾಗ ಇನ್ನೊಂದು ಕೆಲಸವೂ ಆಗಿತ್ತು. ತಗಡುಗಳ ನಡುವೆ ನಾಟಿರಬೇಕಾದ ಕೂದಲಿನಷ್ಟು ತೆಳುವಾದ ತಾಮ್ರದ ನಳಿಗೆಯೊಂದು ಹೊರಗೆ ಬಂದು ಜೋತುಬಿದ್ದಿತ್ತು. ತಂಪು ಅತಿಯಾದರೆ ಅದಕ್ಕೆ ತಿಳಿಯುತ್ತದೆ, ಆಗ ಟಕ್ ಎಂದು ಯಂತ್ರ ತಾನಾಗಿ ನಿಲ್ಲುತ್ತದೆ. ನಳಿಗೆ ಸೆಕೆಯಲ್ಲಿ ನೇತಾಡುತ್ತಿದ್ದರೆ ಯಂತ್ರ ನಿಲ್ಲುವುದೇ ಇಲ್ಲ. ಮದುವೆಯಾದ ಮೇಲೆ ಕಾರು ಎರ್ಮಾಳ್, ಪಡುಬಿದ್ರೆ ಎಂದು ಸಣ್ಣ ಓಡಾಟದಲ್ಲೇ ಇದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಕಾರ್ಕಳಕ್ಕೆ ಒಬ್ಬನೇ ಬರುವಾಗ ಸಂಜೀವ ಎಸಿ ಹಾಕಿರಲಿಲ್ಲವಂತೆ.

ಐಸ್ ಪೂರ್ತಿ ಕರಗುವವರೆಗೆ ಬರೀ ಫ್ಯಾನು ತಿರುಗಿಸಿ ಕಾದೆವು. ಆ ಹೊತ್ತಿನಲ್ಲಿ ಅಜ್ಜನಿಗೆ ಗಂಜಿಯ ತಿಳಿ ಕುಡಿಸಿದೆ. ಲಾರೆನ್ಸರು ಮೊಗ್ಗುಗಳನ್ನೆಲ್ಲ ತೆಗೆದು, ಬ್ರಶ್ಶಿನಿಂದ ಉಜ್ಜಿ, ನಳಿಗೆಯನ್ನು ಅದರ ಜಾಗಕ್ಕೆ ತಳ್ಳಿ, ಗಾಳಿ ಎಳೆಯುವ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದರು. ಕಾರು ಹೊರಡಿಸಿ ಎಲ್ಲರೂ ಸುಮ್ಮನೆ ಕಿವಿಗೊಟ್ಟು ನಿಂತೆವು. ಸ್ವಲ್ಪ ಹೊತ್ತಿಗೆ ಟಕ್ ಎಂದಿತು. ಮತ್ತೆ ಟಕ್. "ಹಾಂ, ಈಗ ಅದಕ್ಕೆ ಬುದ್ಧಿ ಬಂತು" ಎಂದು ಲಾರೆನ್ಸರು ಸಂಜೀವನ ಕೈಯಿಂದ ಬನ್ಸ್ ಕೇಳಿದರು. ಅವನು ಅದನ್ನು ತಿಂದಾಗಿತ್ತು.

ಕಟಪಾಡಿ, ಉದ್ಯಾವರ, ಉಡುಪಿ. ಗಾಳಿ ಒಮ್ಮೆಯೂ ನಿಲ್ಲಲಿಲ್ಲ. ಉಡುಪಿಯ ಪೇಟೆಯಲ್ಲಿ ಸಂಜೀವ ಚಾ ಕುಡಿಯಲು ಇಳಿದ, ನಾವು ಇಳಿಯಲಿಲ್ಲ. ಮಣಿಪಾಲದ ಏರು ಹತ್ತುವಾಗ ಅಜ್ಜ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು. ಆಸ್ಪತ್ರೆಯ ಬಾಗಿಲಿಗೆ ಅವರನ್ನು ಮತ್ತೊಮ್ಮೆ ಧೂಳು ತಾಗಿಸದೆ ತಲುಪಿಸಿದೆನೆಂದು ನನಗೆ ಸಮಾಧಾನವಿತ್ತು. ಅರ್ಧ ಗೆದ್ದ ಹಾಗೆ ಅನ್ನಿಸಿತ್ತು.

ವಾರ ಕಳೆದ ಮೇಲೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ನನಗೆ ಕಂಡದ್ದು ಎರಡು ಬದಿಯಲ್ಲೂ ಹರಳು ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಅವರು ಒಳ್ಳೆಯವರು, ಮೆಲ್ಲಗೆ ಹೇಳಿದರು. "ಹೊರಗಿನ ಧೂಳನ್ನು ತಡೆಯಬಹುದಮ್ಮ. ಒಳಗೆ ಕುಳಿತದ್ದನ್ನು ತೆಗೆಯಲಿಕ್ಕೆ ಮದ್ದಿಲ್ಲ." ಮಳೆಗಾಲದ ಥಂಡಿ ಕಷ್ಟವಾದೀತು ಎಂದೂ ಹೇಳಿದರು. ಅಜ್ಜ ಎಲ್ಲ ಕೇಳಿ, "ಹಾಗಾದರೆ ಮನೆಗೆ ಹೋಗಬಹುದಲ್ಲ?" ಎಂದು ಮಾತ್ರ ಕೇಳಿದರು.

ಸಂಜೀವ ಅದೇ ಕಾರು ತಂದ. ಬಂದ ದಾರಿಯಲ್ಲೇ ವಾಪಸಾದೆವು. ಎಸಿ ಬಹಳ ಚೆನ್ನಾಗಿತ್ತು, ಅವನು ತೊಳೆದು ಒರೆಸಿ ತಂದಿದ್ದ. ಕಾಪು ಬರುವಾಗ ಅಜ್ಜ, "ಅದನ್ನು ಬಂದ್ ಮಾಡು ಸಂಜೀವ. ಗ್ಲಾಸು ಇಳಿಸು" ಎಂದರು. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಬೇಡ ಅನ್ನಲಿಲ್ಲ. ಕಡಲಿನ ಗಾಳಿ ಒಳಗೆ ಬಂತು. ಪಡುಬಿದ್ರೆಯವರೆಗೆ ಅವರು ಕಣ್ಣು ಮುಚ್ಚಿ ಮುಖವೊಡ್ಡಿ ಕುಳಿತಿದ್ದರು. ಆಮೇಲೂ ಗಾಜು ಏರಿಸಲು ಹೇಳಲಿಲ್ಲ.

ಬೆಳ್ಮಣ್ ಹತ್ತಿರದ ತಿರುವಿನಲ್ಲಿ ಕಲ್ಲು ತುಂಬಿದ ಲಾರಿ ಎದುರಾಯಿತು. ಸಂಜೀವನ ಕೈ ಗಾಜಿನ ಹಿಡಿಕೆಗೆ ಹೋಯಿತು. "ಇರಲಿ ಮಾರಾಯ, ನಿಲ್ಲಿಸು. ನಮ್ಮ ಕೋರೆಯ ಲಾರಿ" ಎಂದರು ಅಜ್ಜ. ಡ್ರೈವರ್ ಹುಸೇನ ಗುರುತು ಹಿಡಿದು ಬ್ರೇಕ್ ಹಾಕಿ ಮೇಲಿನಿಂದ ಕೂಗಿದ.

"ಎಂತ ಮೇಸ್ತ್ರಿಗಳೇ, ಎಸಿ ಕಾರಿನಲ್ಲಿ ಕೂತು ಗ್ಲಾಸು ಇಳಿಸಿದ್ದೀರಿ? ಊರಿಗೆಲ್ಲ ತಂಪು ಹಂಚುವುದಾ?"

"ನಿನಗೂ ಸ್ವಲ್ಪ ಬೇಕಾ?" ಎಂದು ನಿಧಾನವಾಗಿ ಉಸಿರು ತೆಗೆದುಕೊಂಡು, "ಕಲ್ಲು ಯಾವ ಬದಿಯದ್ದು?" ಎಂದು ಕೇಳಿದರು.

"ಬಡಗು ಬದಿಯದ್ದು."

"ಅಲ್ಲಿ ಬಿರುಕು ಉಂಟು. ನೋಡಿ ಒಡೆಯಲಿಕ್ಕೆ ಹೇಳು."

"ನೀವೇ ಬಂದು ಹೇಳಿ. ನಮ್ಮ ಮಾತು ಯಾರು ಕೇಳುತ್ತಾರೆ? ಯಾವಾಗ ಬರುತ್ತೀರಿ?"

ಅಜ್ಜ ಒಮ್ಮೆ ನನ್ನ ಕಡೆ ನೋಡಿದರು. "ಮಳೆ ಒಂದು ಕಳೆಯಲಿ" ಎಂದರು.

ಲಾರಿ ಹೊರಟಿತು. ಅದರ ಹಿಂದಿನ ಧೂಳೆಲ್ಲ ಕಾರಿನೊಳಗೆ ಬಂದು ಅವರ ಬಿಳಿ ಶಾಲಿನ ಮೇಲೆ ಕುಳಿತಿತು. ಸೆರಗಿನಿಂದ ಅವರ ಮೂಗು ಮುಚ್ಚಲು ಹೋದ ನನ್ನ ಕೈಯನ್ನು ಅವರು ಮೆಲ್ಲಗೆ ಕೆಳಗಿಳಿಸಿ, ಹಾಗೇ ಹಿಡಿದುಕೊಂಡರು. ಹಿಂದಿನ ಗಾಜಿನಲ್ಲಿ ಲಾರಿ ಕಾಣುವಷ್ಟು ಹೊತ್ತು ಕುತ್ತಿಗೆ ತಿರುಗಿಸಿ ನೋಡುತ್ತಿದ್ದರು. ಆಮೇಲೆ "ಇನ್ನು ಹೋಗುವ" ಎಂದರು.